ಹೊನ್ನೂರಮ್ಮ ಅಳಲಿಲ್ಲ

ಹೊನ್ನೂರಮ್ಮನಿಗೆ ಸರಿಯಾಗಿ ಅಳುವುದಕ್ಕೆ ಬರುತ್ತಿರಲಿಲ್ಲ. ಅಂದಿನ ತಾಪತ್ರಯಕ್ಕೆಲ್ಲ ಮೂಲ ಅದೇ.

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಅವಳ ರೊಟ್ಟಿ ಖಾನಾವಳಿ. ಹಂಪಿ ನೋಡಲು ಬಂದವರು ವಿರೂಪಾಕ್ಷನಿಗೆ ಕೈ ಮುಗಿದು, ಅಲ್ಲಿಂದ ಸೀದಾ ಅವಳ ಎಣ್ಣೆಗಾಯಿ ಪಲ್ಯಕ್ಕೆ ಕೈ ಹಾಕಲು ಬರುತ್ತಿದ್ದರು. ಆ ಹೆಸರು ಕೇಳಿಯೇ ವೀರೇಶ ಫೋನ್ ಮಾಡಿದ್ದ. ಊರೂರಿನ ಊಟವನ್ನು ಮೊಬೈಲಿನಲ್ಲಿ ತೋರಿಸಿ ಜನರ ಬಾಯಲ್ಲಿ ನೀರೂರಿಸುವ ಹುಡುಗ. ‘ಉಂಡಾಡಿ ವೀರೇಶ’ ಎಂದರೆ ಈ ಸೀಮೆಯಲ್ಲಿ ಗೊತ್ತಿಲ್ಲದವರಿಲ್ಲ. ನಾಳೆ ಮಧ್ಯಾಹ್ನ ಕ್ಯಾಮೆರಾ ತರುತ್ತೇನೆ, ಊಟದ ಜೊತೆಗೆ ಯಜಮಾನತಿಯ ಬಾಲ್ಯದ ಕಷ್ಟವೂ ಬೇಕು, ಸ್ವಲ್ಪ ಕಣ್ಣೀರು ಬಂದರೆ ಇನ್ನೂ ಛಲೋ ಎಂದಿದ್ದ.

ಫೋನ್ ತೆಗೆದುಕೊಂಡವನು ಅಳಿಯ ಪಂಪೇಶ. ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಕೆಲಸ ಅವನದು, ಖಾನಾವಳಿಯನ್ನು ಮುಂದೆ ತರುವ ಚಿಂತೆಯೂ ಅವನದೇ. ಬೆಳಿಗ್ಗೆ ಎದ್ದವನೇ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ತಾಲೀಮು ಶುರು ಮಾಡಿದ.

“ಅತ್ತಿ, ಸಣ್ಣಾಕಿ ಇದ್ದಾಗ ಎಷ್ಟೋ ದಿನ ಉಪಾಸ ಮಲಗಿದ್ರಿ ಅಲ್ರಿ? ಅಲ್ಲಿಂದ ಹೇಳ್ರಿ.”

“ಎಲ್ಲಿ ಮಲಗೋದು? ಮಲಗಾಕ ಬಿಟ್ರ ತಾನಾ!” ಎಂದು ಹೊನ್ನೂರಮ್ಮ ಬಿದ್ದು ಬಿದ್ದು ನಕ್ಕಳು.

ಪಂಪೇಶ ಹಣೆ ಚಚ್ಚಿಕೊಂಡ. ಪಕ್ಕದ ಬಳೆ ಅಂಗಡಿಯ ಸುಂಕಲಮ್ಮ ತನ್ನ ಅಂಗಡಿ ಬಿಟ್ಟು ಓಡಿ ಬಂದಳು. ಯಾರ ಮನೆಯ ಒಲೆಯ ಮೇಲೆ ಏನು ಕುದಿಯುತ್ತಿದ್ದರೂ ಒಂದು ಸೌಟು ಆಡಿಸಿ ಹೋಗದಿದ್ದರೆ ಅವಳಿಗೆ ಸಮಾಧಾನವಿಲ್ಲ.

“ಹಂಗ ನಗಬಾರ್ದವ್ವ, ಕಷ್ಟದ ಮರ್ಯಾದಿ ಹೋಗತೈತಿ. ಹಾವು ಕಡಿದಿದ್ದು ಹೇಳು.”

“ನನಗ ಯಾವ ಹಾವು ಕಡಿದಿತ್ತು?”

“ಕಡಿದಿಲ್ಲಾ? ಹೋಗ್ಲಿ ಬಿಡು, ಹಾದಿಗೆ ಅಡ್ಡರ ಬಂದಿರತೈತಿ. ಅಷ್ಟರಾಗ ಸುಧಾರಿಸ್ಕೊಂಡು ಹೋಗೋಣು.”

ಹೊನ್ನೂರಮ್ಮ ಕಷ್ಟ ಕಂಡವಳೇ ಅಲ್ಲವೆಂದಲ್ಲ. ಕಂಡಿದ್ದಳು, ಆದರೆ ಯಾರ ಮುಂದೆಯೂ ಬಿಚ್ಚಿ ಹೇಳಿದವಳಲ್ಲ. ಹೇಳಲು ಕೂತರೆ ಮೊದಲು ನೆನಪಾಗುವುದು ಆ ಕಾಲದ ಫಜೀತಿಗಳು, ಜೊತೆಗೇ ನಗು. ಸುಂಕಲಮ್ಮ ಅದಕ್ಕೂ ಉಪಾಯ ತಂದಿದ್ದಳು: ಸೆರಗಿನ ಗಂಟಿನಲ್ಲಿ ಹೆಚ್ಚಿದ ಉಳ್ಳಾಗಡ್ಡಿ. ಮೂವತ್ತು ವರ್ಷ ಚೀಲಗಟ್ಟಲೆ ಉಳ್ಳಾಗಡ್ಡಿ ಹೆಚ್ಚಿದ ಕಣ್ಣು ಅದನ್ನು ನೋಡಿ ಒಂದಿಷ್ಟೂ ಮಿಸುಕಲಿಲ್ಲ. ಕೊನೆಗೆ ಪಂಪೇಶ ಎಲ್ಲಿಂದಲೋ ಒಂದು ಹರಕು ಸೀರೆ ತಂದು, “ಇದನ್ನ ಉಟ್ಕೊಂಡು ಒಲಿ ಮುಂದ ಕುಂದ್ರಿ ಅತ್ತಿ” ಎಂದ.

ಹೊನ್ನೂರಮ್ಮ ಸೀರೆಯನ್ನು ನೋಡಿದಳು. ಒಲೆ ಒರೆಸಲಿಕ್ಕೂ ಯೋಗ್ಯವಾಗಿರಲಿಲ್ಲ.

“ಕೊತ್ತಂಬರಿ ತೀರೈತಿ, ತರತೀನಿ” ಎಂದು ಹಿಂಬಾಗಿಲಿನಿಂದ ಹೊರಬಿದ್ದವಳು ಆಟೋ ಹತ್ತಿ ಬಸ್‌ಸ್ಟ್ಯಾಂಡಿಗೆ ಬಂದಳು. ಕಂಪ್ಲಿ ಬಸ್ಸು ಗುರ್ ಎನ್ನುತ್ತಾ ಹೊರಡುವುದರಲ್ಲಿತ್ತು. ಹತ್ತಿದಳು. ಕಿಟಕಿ ಪಕ್ಕ ಕೂತು ಮೊಬೈಲ್ ಬಂದ್ ಮಾಡಿದ ಮೇಲೆಯೇ ಅವಳಿಗೆ ಉಸಿರು ಬಂದದ್ದು.

ಬಸ್ಸು ಕಾಲುವೆಯ ಗುಂಟ ಹೋಗುವಾಗ ಗದ್ದೆಯ ಗಾಳಿ ಮುಖಕ್ಕೆ ಹೊಡೆಯಿತು. ಅವಳಿಗೆ ಒಂದು ಆಸೆ ಹುಟ್ಟಿತು. ಇಷ್ಟು ವರ್ಷ ಸಾವಿರಾರು ಜನರಿಗೆ ಬಡಿಸಿದ್ದಾಯಿತು. ತನ್ನನ್ನು ಕೂರಿಸಿ ‘ಇನ್ನೊಂದು ಹಾಕಲೇ’ ಎಂದು ಕೇಳಿದವರು ಯಾರೂ ಇರಲಿಲ್ಲ. ಇವತ್ತು ಕಂಪ್ಲಿಯಲ್ಲಿ ಯಾವುದಾದರೂ ಖಾನಾವಳಿಗೆ ಹೋಗಿ, ಗಿರಾಕಿಯ ಹಾಗೆ ಕಾಲು ಚಾಚಿ ಕೂತು, ಉಪ್ಪು ಕಡಿಮೆ ಎಂದು ಜೋರಾಗಿ ದೂರು ಹೇಳಿ ಉಂಡು ಬರಬೇಕು.

ಕಂಪ್ಲಿಯಲ್ಲಿ ಇಳಿದು ಪೇಟೆ, ಗುಡಿ ಎಲ್ಲ ಸುತ್ತಿ ಹಸಿವಾದ ಮೇಲೆ, ಅಕ್ಕಿ ಗಿರಣಿಗಳ ಬೀದಿಯಲ್ಲಿ ಹೊಸದಾಗಿ ಬಣ್ಣ ಹೊಡೆದ ಒಂದು ಖಾನಾವಳಿ ಕಂಡಿತು. ಒಳಗೆ ಹೋಗಿ ಗೋಡೆ ಪಕ್ಕದ ಮೇಜು ಹಿಡಿದು, “ಒಂದು ಊಟ ತರ್ರಿ” ಎಂದು ಕೂಗಿದಳು. ಆ ಮಾತನ್ನು ಆಡಿದ ಖುಷಿಗೇ ಅವಳಿಗೆ ಅರ್ಧ ಹೊಟ್ಟೆ ತುಂಬಿತ್ತು.

ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಲಟ್ಟಣಿಗೆ ಹಿಡಿದು ಬಂದವಳು ಇಪ್ಪತ್ತೈದರ ಆಸುಪಾಸಿನ ಹುಡುಗಿ. ಕೆನ್ನೆಯ ಮೇಲೆ ಜೋಳದ ಹಿಟ್ಟು, ಹಿಟ್ಟಿನ ಮೇಲೆ ಕಣ್ಣೀರಿನ ಕಾಲುವೆ. ತಟ್ಟೆಯಲ್ಲಿದ್ದ ರೊಟ್ಟಿ ಒಂದು ಕಡೆ ಕರಿ, ಒಂದು ಕಡೆ ಹಸಿ. ಹೊನ್ನೂರಮ್ಮ ಬೆರಳಿನಿಂದ ಕುಟ್ಟಿದಳು. ಯಾರೋ ಬಾಗಿಲು ಬಡಿದ ಹಾಗೆ ಸದ್ದಾಯಿತು.

“ಯಾರು ಬಡಿದಿದ್ದವ್ವ ಇದನ್ನ?”

ಹುಡುಗಿ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತಳು. ಹೆಸರು ತ್ರಿವೇಣಿ. ಡಿಗ್ರಿ ಮುಗಿಸಿದವಳು. ಮನೆಯವರೆಲ್ಲ ಬೇಡವೆಂದರೂ ಹಟ ಹಿಡಿದು ಖಾನಾವಳಿ ತೆರೆದು ಇನ್ನೂ ತಿಂಗಳಾಗಿರಲಿಲ್ಲ. ಗಿರಣಿ ಸಾವ್ಕಾರ ಕೊಟ್ರಬಸಪ್ಪ ಅಕ್ಕಿ ವ್ಯಾಪಾರಕ್ಕೆ ಬಂದ ತನ್ನ ಬೀಗರು, ನೆಂಟರು, ದಲ್ಲಾಳಿಗಳನ್ನೆಲ್ಲ ಇವತ್ತು ಇಲ್ಲಿಗೇ ಊಟಕ್ಕೆ ಕರೆತರುವವನಿದ್ದ. ಊಟ ಹಿಡಿಸಿದರೆ ಗಿರಣಿಯ ಊಟವೆಲ್ಲ ಇನ್ನು ಇಲ್ಲಿಂದಲೇ. ಇಲ್ಲವಾದರೆ ಬಾಗಿಲು ಹಾಕುವುದೇ.

“ಅಡುಗಿಯವನು ಎಲ್ಲಿ?”

“ರಾಯಣ್ಣ ಅಂತ ಇದ್ದ ಅಕ್ಕ. ಬೆಳಿಗ್ಗೆ ಒಂದು ಫೋನ್ ಬಂತು. ಕೈಯಾಗಿನ ಸೌಟು ಅಲ್ಲೇ ಒಗದು ಹೊಸಪೇಟಿಗೆ ಓಡಿ ಹೋದ. ಅಲ್ಲಿ ಹೊನ್ನೂರಮ್ಮ ಅಂತ ಅದಾಳಂತ, ದೊಡ್ಡ ಖಾನಾವಳಿ. ಜಲ್ದಿ ಬಾ ಅಂತ ಕರಸ್ಕೊಂಡಾಳ. ಅಷ್ಟು ದೊಡ್ಡಾಕಿಗೆ ನನಗಿದ್ದ ಒಬ್ಬ ಅಡುಗಿಯವನ ಮ್ಯಾಲಾ ಕಣ್ಣು ಬೀಳಬೇಕಾ? ಆಕಿ ಒಲಿ ಆರಿಹೋಗ!”

ಹೊನ್ನೂರಮ್ಮ ನೀರಿನ ಲೋಟ ಕೆಳಗಿಟ್ಟಳು. ಎಲ್ಲ ಅರ್ಥವಾಯಿತು. ತಾನು ತಪ್ಪಿಸಿಕೊಂಡ ಮೇಲೆ ಅಳಿಯ ದಿಕ್ಕು ತೋಚದೆ ಸಿಕ್ಕವನನ್ನು ಕರೆಸಿದ್ದಾನೆ. ತಾನು ಈ ಕಡೆ ಬರುವಾಗ ರಾಯಣ್ಣ ಎದುರಿನ ಬಸ್ಸಿನಲ್ಲಿ ಆ ಕಡೆ ಹೋಗಿದ್ದಾನೆ! ‘ನಾನೇ ಹೊನ್ನೂರಮ್ಮ’ ಎನ್ನಲು ಬಾಯಿ ತೆರೆದಳು. ಹುಡುಗಿಯ ಕೈಯಲ್ಲಿ ಲಟ್ಟಣಿಗೆ ಇತ್ತು. ಬಾಯಿ ಮುಚ್ಚಿದಳು.

“ಒಲಿ ಆರಬಾರ್ದವ್ವ, ಯಾರದೂ ಆರಬಾರ್ದು” ಎಂದು ಎದ್ದು ಸೆರಗು ಸಿಕ್ಕಿಸಿದಳು. “ಹಿಟ್ಟು ಎಲ್ಲೈತಿ ತೋರ್ಸು.”

ಆಮೇಲಿನದನ್ನು ತ್ರಿವೇಣಿ ಬಾಯಿ ಬಿಟ್ಟುಕೊಂಡು ನೋಡಿದಳು. ಆ ಹೆಂಗಸಿನ ಅಂಗೈ ಕೆಳಗೆ ರೊಟ್ಟಿ ತಾನೇ ಹುಮ್ಮಸ್ಸಿನಿಂದ ತಿರುಗುತ್ತಿತ್ತು; ಹುಣ್ಣಿಮೆಯ ಚಂದ್ರ ಬಂದು ಅಳತೆ ಕೊಟ್ಟು ಹೋದಂತೆ ದುಂಡಗಾಗಿ ಹಂಚಿಗೆ ಬೀಳುತ್ತಿತ್ತು. ಬದನೆಕಾಯಿಗೆ ಶೇಂಗಾಪುಡಿ ತುಂಬುತ್ತಲೇ, ಹುಡುಗಿಯ ಬಿಕ್ಕು ನಿಲ್ಲಿಸಲೆಂದು ಹೊನ್ನೂರಮ್ಮ ಮಾತಿಗಿಳಿದಳು.

“ನಾನು ಮೊದಲನೇ ಸಲ ಬಡಿದ ರೊಟ್ಟಿ ನಿನ್ನ ರೊಟ್ಟಿಗಿಂತ ಕೆಟ್ಟದಿತ್ತು, ಗೊತ್ತೇನು? ನಮ್ಮವ್ವ ಸತ್ತಾಗ ನನಗ ಎಂಟು ವರ್ಷ. ಗಾದಿಗನೂರಾಗ ನಮ್ಮ ಚಿಗವ್ವನ ಮನ್ಯಾಗ ಬಿಟ್ಟು ನಮ್ಮಪ್ಪ ಹೋದಾಂವ ತಿರುಗಿ ಬರಲಿಲ್ಲ. ಚಿಗವ್ವ ಸಂಡೂರು ಗುಡ್ಡದಾಗ ಅದಿರು ಆರಿಸಾಕ ಹೋಗ್ತಿದ್ಲು, ನಾನು ಆಳುಗಳಿಗೆ ರೊಟ್ಟಿ ಮಾಡಬೇಕು. ಎತ್ತರ ಸಾಲ್ದು ಅಂತ ಎಣ್ಣಿ ಡಬ್ಬಿ ಮ್ಯಾಲೆ ನಿಂದ್ರತಿದ್ದೆ. ಕೈ ಸುಟ್ರೂ ಅಳಂಗಿಲ್ಲ. ಅತ್ರ ಹಿಟ್ಟು ತೊಯ್ತೈತಿ ಅಂತ ಮತ್ತೊಂದು ಏಟು ಬೀಳೋದು. ಅದಕ್ಕಾ ಅಳೋದಾ ಬಿಟ್ಟೆ.”

ಲಟ್ಟಣಿಗೆ ಹಿಡಿದಿದ್ದ ತ್ರಿವೇಣಿಯ ಕೈ ನಿಂತೇ ಹೋಯಿತು.

“ಆಮ್ಯಾಲ, ಅಕ್ಕ?”

“ಆಮ್ಯಾಲ ಲಾರಿ ಡ್ರೈವರ್‌ಗಳಿಗೆ ಹಾದ್ಯಾಗ ಗುಡಿಸಲು ಹಾಕಿ ಬಡಿಸಿದೆ. ಗಣಿ ನಿಂತ್ವು, ಲಾರಿ ನಿಂತ್ವು, ಗುಡಿಸಲಾಗ ನಾನು ನನ್ನ ಮಗಳು ಇಬ್ಬರಾ ಉಳಿದ್ವಿ. ತಳ್ಳೋ ಗಾಡಿ ಹಿಡದು ಹೊಸಪೇಟಿಗೆ ಬಂದೆ...” ಎಂದು ಅಲ್ಲಿಗೆ ಗಕ್ಕನೆ ನಿಲ್ಲಿಸಿದಳು. ಮುಂದೆ ಹೇಳಿದರೆ ಖಾನಾವಳಿ ಬರುತ್ತದೆ, ಹೆಸರು ಬರುತ್ತದೆ, ಲಟ್ಟಣಿಗೆಯೂ ಬರುತ್ತದೆ.

“ಗಾಡಿ ಏನಾತು?”

“ಏನಾಗತೈತಿ? ಗಾಲಿ ಮುರೀತು. ಉಪ್ಪು ತಾ.”

ಕೊಟ್ರಬಸಪ್ಪನ ಪರಿವಾರ ಬಂದು ಕೂತಿತು. ಮೊದಲ ತುತ್ತಿಗೆ ಮಾತು ನಿಂತಿತು. ಎಣ್ಣೆಗಾಯಿ ಎರಡನೇ ಸುತ್ತು ಬಂದಾಗ ದಲ್ಲಾಳಿಗಳು ವ್ಯಾಪಾರ ಮರೆತರು. ಸಾವ್ಕಾರ ಹೊಟ್ಟೆ ನೀವಿಕೊಳ್ಳುತ್ತಾ, “ಮಸ್ತ್ ಆತವ್ವ ಮಗಳ! ನಾಳಿಂದ ಗಿರಣಿಗೂ ನಿನ್ನ ಊಟಾನಾ” ಎಂದ. ತ್ರಿವೇಣಿ ಅಡುಗೆಮನೆಗೆ ಓಡಿ ಬಂದು ಹೊನ್ನೂರಮ್ಮನ ಕಾಲಿಗೇ ಬಿದ್ದಳು.

ಹೊನ್ನೂರಮ್ಮನಿಗೆ ಎದೆ ತುಂಬಿತು. ಆದರೆ ಮಂದಿಯ ಗದ್ದಲ ನೋಡಿ ರಸ್ತೆಯಲ್ಲೊಂದು ಕಾರು ನಿಂತದ್ದು ಅವಳಿಗೆ ಕಾಣಲಿಲ್ಲ. ಗಂಗಾವತಿ ಕಡೆ ಹೊರಟಿದ್ದ ವೀರೇಶ ಕ್ಯಾಮೆರಾ ಹಿಡಿದು ಇಳಿದಿದ್ದ.

“ಜಲ್ದಿ ಏನಾರ ಕೊಡ್ರಿ ಮೇಡಂ. ಹೊಸಪೇಟ್ಯಾಗ ಹೊನ್ನೂರಮ್ಮನ ಖಾನಾವಳಿಗೆ ಹೋಗಿದ್ದೆ. ಪಲ್ಯಕ್ಕ ಎರಡು ಸಲ ಉಪ್ಪು, ಸಾರಿಗೆ ಒಂದು ಸಲಾನೂ ಇಲ್ಲ. ಆಕಿನೂ ಮನ್ಯಾಗಿಲ್ಲ. ಕೊತ್ತಂಬರಿ ತರಾಕ ಹೋಗ್ಯಾರಂತ!”

ಒಳಗೆ ಹೊನ್ನೂರಮ್ಮ ಸೆರಗನ್ನು ಮೂಗಿನವರೆಗೂ ಎಳೆದುಕೊಂಡಳು. ಊಟ ಬೇಗ ಮುಗಿದು ಅವನು ತೊಲಗಲಿ ಎಂದು ಬಿಸಿ ರೊಟ್ಟಿ ಕಳಿಸಿದಳು. ಅದೇ ತಪ್ಪಾಯಿತು. ಒಂದು ರೊಟ್ಟಿ ಉಂಡವನು ತಟ್ಟೆಯ ಸಮೇತ ಅಡುಗೆಮನೆಗೇ ನುಗ್ಗಿ, ಹೊಗೆಯ ನಡುವೆ ರೊಟ್ಟಿ ಬಡಿಯುವ ಕೈಗೆ ಕ್ಯಾಮೆರಾ ಹಿಡಿದ.

“ಅಮ್ಮಾ, ನಿಮ್ಮ ಹೆಸರು?”

“ರೊಟ್ಟಿ ಬಡಿಯೋರಿಗೆ ಎಂಥಾ ಹೆಸರಪ್ಪ” ಎಂದು ಸೆರಗಿನೊಳಗಿಂದ ಗುನುಗಿದಳು.

“ಆ ಹೊನ್ನೂರಮ್ಮನ ಕಡೆ ಯಾವತ್ತರ ಉಂಡೀರೇನು?”

“ದಿನಾ ಉಣ್ತೀನಿ” ಎಂಬ ಮಾತು ಬಾಯಿಗೆ ಬಂದಿತ್ತು. ನುಂಗಿಕೊಂಡಳು. “ಇಲ್ಲಪ್ಪ.”

“ಉಣ್ಣಬ್ಯಾಡ್ರಿ ಬಿಡ್ರಿ. ನಿಮ್ಮ ಬೆರಳಿಗೆ ಸಮ ಇಲ್ಲ ಆಕಿ. ಇಂಥಾ ಕೈ ಇಟ್ಕೊಂಡು ನೀವಾ ಒಂದು ಖಾನಾವಳಿ ಯಾಕ ಹಾಕಬಾರ್ದು?”

ಹೊನ್ನೂರಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಿಹಾಕಿದಳು. ಉತ್ತರ ಕೊಟ್ಟವಳು ತ್ರಿವೇಣಿ. ಕೃತಜ್ಞತೆಯಿಂದ ಉಕ್ಕುತ್ತಿದ್ದ ಹುಡುಗಿ, ಎಂಟನೇ ವರ್ಷಕ್ಕೆ ತಾಯಿ ಹೋದದ್ದು, ಎಣ್ಣೆ ಡಬ್ಬಿ, ಅದಿರಿನ ಗುಡ್ಡ, ಖಾಲಿಯಾದ ಗುಡಿಸಲು, ಎಲ್ಲವನ್ನೂ ಕ್ಯಾಮೆರಾ ಮುಂದೆ ಹೇಳಿದಳು. “ಕಡಿಗೆ ತಳ್ಳೋ ಗಾಡಿ ಗಾಲಿನೂ ಮುರೀತಂತ್ರಿ!” ಎನ್ನುವಾಗ ಅವಳೂ ಅತ್ತಳು, ವೀರೇಶನೂ ಅತ್ತ. ಅಳದಿದ್ದವಳು ಹೊನ್ನೂರಮ್ಮ ಒಬ್ಬಳೇ.

ನಾಳೆ ಅಡುಗೆಯವನನ್ನು ಕಳಿಸುವ ಜವಾಬ್ದಾರಿ ತನ್ನದು ಎಂದು ತ್ರಿವೇಣಿಗೆ ಮಾತು ಕೊಟ್ಟು, ಫೋನ್ ನಂಬರೂ ಕೊಟ್ಟು ಅವಳು ಚಿತ್ತವಾಡ್ಗಿಗೆ ಮರಳಿದಾಗ ದೀಪ ಹಚ್ಚುವ ಹೊತ್ತು. ಅವಳಿಗೊಂದು ತುತ್ತು ಉಣ್ಣಲೂ ಆಗಿರಲಿಲ್ಲ. ಅಡುಗೆಮನೆಯಲ್ಲಿ ರಾಯಣ್ಣ ಮುಖ ಚಿಕ್ಕದು ಮಾಡಿಕೊಂಡು ಕೂತಿದ್ದ. “ಕ್ಯಾಮೆರಾ ನೋಡಿ ಉಪ್ಪಿನ ಲೆಕ್ಕಾನಾ ತಪ್ಪಿತ್ರಿ ಅಮ್ಮಾ” ಎಂದ. ಹೊನ್ನೂರಮ್ಮ ಅವನಿಗೆ ಬೈಯಲಿಲ್ಲ. “ಕಂಪ್ಲಿಯಾಗ ಆ ಹುಡುಗಿ ಕಣ್ಣೀರು ಹಾಕಾಕತ್ಯಾಳ. ಈಗಾ ಬಸ್ ಹತ್ತು” ಎಂದು ಕಳಿಸಿದಳು.

ಬಾಗಿಲಲ್ಲಿ ಸುಂಕಲಮ್ಮ ಮೊಬೈಲ್ ಹಿಡಿದು ಸೊರ ಸೊರ ಮೂಗು ಎಳೆಯುತ್ತಿದ್ದಳು.

“ಎಲ್ಲಿ ಹೋಗಿದ್ಯವ್ವ? ಆ ವೀರೇಶ ನಮ್ಮ ಮಾನ ಕಳದ. ಆದ್ರ ಇದನ್ನ ನೋಡು, ಕಂಪ್ಲಿ ಅಡುಗಿಯಾಕಿ. ಮುಖ ಕಾಣಂಗಿಲ್ಲ, ಬರೇ ಕೈ. ಪಾಪ, ಎಂಥಾ ಕಷ್ಟ! ಇಂಥಾ ಕತಿ ಒಂದು ನಿಂದೂ ಇದ್ದಿದ್ರ...”

“ಪಂಪೇಶ ಎಲ್ಲಿ?”

“ಆ ಅಡುಗಿಯಾಕಿನ್ನ ಕರಕೊಂಡು ಬರಾಕ ಕಂಪ್ಲಿಗಾ ಹೋಗ್ಯಾನ.”

ಅಷ್ಟರಲ್ಲಿ, ಬಸ್ಸಿಳಿದ ಮೇಲೆ ಚಾಲೂ ಮಾಡಿದ್ದ ಹೊನ್ನೂರಮ್ಮನ ಮೊಬೈಲ್ ಹೊಡೆದುಕೊಂಡಿತು. ತ್ರಿವೇಣಿಯ ಗಾಬರಿ ದನಿ. “ಅಕ್ಕಾ, ಹೊನ್ನೂರಮ್ಮನ ಅಳಿಯ ಬಂದು ಕುಂತಾರ. ನಿಮ್ಮ ಕೂಡ ಮಾತಾಡೋ ತನಕ ಏಳಂಗಿಲ್ಲ ಅಂತಾರ. ಒಪ್ಪಬ್ಯಾಡ್ರಿ!”

ಮರುಕ್ಷಣ ಪಂಪೇಶನ ಜೇನಿನಂಥ ದನಿ. ಮನೆಯಲ್ಲಿ ಯಾವತ್ತೂ ಕೇಳಿದ್ದಲ್ಲ.

“ನಮಸ್ಕಾರ್ರಿ ಅಕ್ಕಾರ. ನಮ್ಮ ಖಾನಾವಳಿಗೆ ಬಂದುಬಿಡ್ರಿ. ನಮ್ಮತ್ತಿ ಭಾಳ ಒಳ್ಳೇರು. ಆದ್ರ ವಯಸ್ಸಾತು ನೋಡ್ರಿ, ಕೈರುಚಿ ಹೋಗೈತಿ. ಇವತ್ತಿನ ಪಲ್ಯದ ಸುದ್ದಿ ನೀವೂ ಕೇಳಿರಬೇಕು. ಅವರನ್ನ ಮೂಲ್ಯಾಗ ಒಂದು ಕುರ್ಚಿ ಹಾಕಿ ಕುಂದ್ರಸ್ತೀನಿ. ಅಡುಗಿಮನಿ ಪೂರ್ತಿ ನಿಮಗಾ. ನಾಳೆ ವೀರೇಶನೂ ಬರತಾನ. ಅರ್ಧಕ್ಕ ನಿಂತ ನಿಮ್ಮ ಕಷ್ಟದ ಕತಿ ಮುಂದೇನಾತು ಅಂತ ಜನ ಕೇಳಾಕತ್ಯಾರ.”

ನಗು ತಡೆಯಲು ಬಾಯಿಗೆ ಒತ್ತಿದ್ದ ಸೆರಗನ್ನು ಹೊನ್ನೂರಮ್ಮ ತೆಗೆದಳು.

“ಆತ್ರಿ ಅಳಿಯಂದಿರ. ಆ ಮೂಲಿ ಕುರ್ಚಿ ಒರಸಿ ಇಡ್ರಿ, ಬರತೀನಿ.”

ಆ ಕಡೆ ಫೋನ್ ನೆಲಕ್ಕೆ ಬಿದ್ದ ಸದ್ದು. ಯಾರೋ ನೀರು ಕೇಳಿದ ಸದ್ದು. ತ್ರಿವೇಣಿ “ಏನಾತ್ರಿ, ಏನಾತ್ರಿ” ಎನ್ನುವ ಸದ್ದು. ಇನ್ನಾದರೂ ಈ ಅಳಿಯನಿಗೆ ಬುದ್ಧಿ ಬಂದೀತು ಎಂದು ಹೊನ್ನೂರಮ್ಮ ಹಿತವಾಗಿ ಕಾದಳು.

“ಅತ್ತಿ... ನೀವಾ?” ಪಂಪೇಶನ ದನಿ ಮೊದಲು ನಡುಗಿತು, ಆಮೇಲೆ ಕುಣಿಯತೊಡಗಿತು. “ಅಲ್ರಿ ಅತ್ತಿ, ಇನ್ನೂ ಛಲೋ ಆತಲ್ರಿ! ಕಷ್ಟಪಟ್ಟಾಕಿನೂ ನೀವಾ, ಮ್ಯಾಲೆ ಬಂದಾಕಿನೂ ನೀವಾ! ವೀರೇಶಗ ಈಗಾ ಫೋನ್ ಹಚ್ಚತೀನಿ. ಮುಂಜಾನಿಂದ ಸಂಜಿ ತನಕ ತೆಗೀಲಿ. ಆ ಹರಕು ಸೀರಿ ತೊಳದು ಹಾಕಾಕ ಹೇಳ್ರಿ ಸುಂಕಲಮ್ಮಗ!”

ಹೊನ್ನೂರಮ್ಮ ಫೋನ್ ಕೆಳಗಿಟ್ಟಳು.

“ಸುಂಕಲವ್ವ,” ಎಂದಳು ಮೆಲ್ಲಗೆ, “ಸಂಡೂರಿಗೆ ಬೆಳಿಗ್ಗೆ ಮೊದಲನೇ ಬಸ್ಸು ಎಷ್ಟೊತ್ತಿಗೈತಿ?”