ಮಾವಶಿಯ ಮಾತಿಲ್ಲದ ಕಾರ್ಖಾನೆ

ಗುರುವಾರ ಬೆಳಿಗ್ಗೆ ಎಂದಿನಂತೆ ಹಾಲು ಕಾಯಿಸಿದೆ, ಪೇಪರ್ ಮಿಲ್ಲಿಗೆ ಹೋಗುವ ಇವರ ಡಬ್ಬಿ ತುಂಬಿದೆ, ದಾಸವಾಳಕ್ಕೆ ನೀರು ಹಾಕಿದೆ, ಹಿತ್ತಲಿನ ಶೆಡ್ಡಿನ ಬಾಗಿಲು ತೆಗೆಯಲು ಹೋದೆ. ಮಾವಶಿ ಆಗಲೇ ಅಲ್ಲಿದ್ದರು. ಮೂರು ಮಣೆಗಳನ್ನು ಒರೆಸಿ ಸಾಲಾಗಿ ಇಟ್ಟು, ನಡುವಿನದು ತುಸು ಓರೆಯಾಯಿತೆಂದು ಕಾಲಿನಿಂದ ಸರಿಪಡಿಸುತ್ತಿದ್ದರು. ಒಂದೂ ಮಾತಾಡದೆ!

ನೀವು ನಮ್ಮ ಮಾವಶಿಯನ್ನು ಬಲ್ಲವರಲ್ಲ, ಅದಕ್ಕೇ ಇದನ್ನು ಓದಿಯೂ ಸುಮ್ಮನೆ ಕುಳಿತಿದ್ದೀರಿ. ಅವರು ಬಾಯಿ ಮುಚ್ಚಿದ್ದನ್ನು ಕಂಡವರು ಇಡೀ ದಾಂಡೇಲಿಯಲ್ಲಿ ಯಾರೂ ಇಲ್ಲ. ಹಲ್ಲಿನ ಡಾಕ್ಟರಂತೂ ಕಂಡೇ ಇಲ್ಲ.

ಮಾವಶಿ ಎಂದರೆ ನನ್ನ ಅತ್ತೆಯ ತಂಗಿ. ಅತ್ತೆ ತೀರಿಕೊಂಡ ಮೇಲೆ ನಮ್ಮನ್ನು ನೋಡಿಕೊಳ್ಳುತ್ತೇನೆಂದು ದಾಂಡೇಲಿಯ ಬಂಗೂರನಗರಕ್ಕೆ ಬಂದರು. ನಮ್ಮನ್ನು ನೋಡಿ ನೋಡಿ ವಾರದೊಳಗೆ ಬೇಸರ ಬಂತು. ಹಿತ್ತಲಿನ ಶೆಡ್ಡಿನಲ್ಲಿದ್ದ ನಮ್ಮ ಹಳೆಯ ಸೋಫಾ ಹೊರಗೆ ಬಂತು, ಖಡಕ್ ರೊಟ್ಟಿಯ ಉದ್ಯೋಗ ಒಳಗೆ ಹೋಯಿತು. ಈಗ ಜೋಯಿಡಾ ಕಡೆಯ ಹೋಮ್‌ಸ್ಟೇಗಳಿಗೂ ಹಳಿಯಾಳದ ಖಾನಾವಳಿಗಳಿಗೂ ನಮ್ಮ ಹಿತ್ತಲಿನ ರೊಟ್ಟಿಯೇ. ಸೋಫಾ ಮಾತ್ರ ಇನ್ನೂ ಜಗುಲಿಯಲ್ಲಿದೆ.

ಉದ್ಯೋಗಕ್ಕೆ ಜನ ಬೇಕಲ್ಲ? ನಮ್ಮ ಮನೆಯವರು ಪಾಪ, ಸಹಾಯ ಮಾಡೋಣವೆಂದು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು. ಬಿಗಿ ಕೋಟಿನ ಒಬ್ಬಾತ ತಂಡ ಕಟ್ಟುವುದು ಹೇಗೆಂದು ಹೇಳುತ್ತ, ಕೆಲಸಗಾರರನ್ನು ಸುತ್ತ ನಿಲ್ಲಿಸಿ ಚೆಂಡು ಎಸೆದಾಡಿಸುತ್ತಿದ್ದ. "ಒಬ್ಬರಿಗೊಬ್ಬರು ಮನಬಿಚ್ಚಿ ಮಾತಾಡಬೇಕು!" ಎಂದ. ಮಾವಶಿ ಮೊಬೈಲನ್ನು ಬೋರಲು ಹಾಕಿದರು.

"ಇವನ ಅಂಗಡಿ ಯಾವಾಗ ಮುಚ್ಚತೈತಿ ಹೇಳ. ಮಂದಿ ಕೆಲಸಾ ಯಾಕ ಕೆಡಸ್ತಾರ? ಮಾತಾಡ್ಕೋತ ಕುಂತು ಕೆಡಸ್ತಾರ. ಯಾಕ ಮಾತಾಡ್ತಾರ? ಒಬ್ಬರ ಮಾತು ಒಬ್ಬರಿಗೆ ತಿಳೀತೈತಿ, ಅದಕ್ಕ. ತಿಳೀಲೇ ಇಲ್ಲಂದ್ರ?"

ಹೀಗೆ ಹುಟ್ಟಿತು ನೋಡಿ, ಮಾವಶಿಯ ಸಿದ್ಧಾಂತ! ಒಬ್ಬರ ಭಾಷೆ ಇನ್ನೊಬ್ಬರಿಗೆ ಬರಬಾರದು. ಸಂದರ್ಶನದಲ್ಲಿ ಒಂದೇ ಪ್ರಶ್ನೆ: "ಕನ್ನಡ ಬರತೈತೇನ?" ಹೂಂ ಎಂದವರನ್ನು ಚಹಾ ಕುಡಿಸಿ ವಾಪಸು ಕಳಿಸಿದರು. ಕನ್ನಡ ಬರುತ್ತದೆಂಬ ಅಪರಾಧಕ್ಕೆ ಕರ್ನಾಟಕದಲ್ಲೇ ಕೆಲಸ ತಪ್ಪಿಸುವ ಸಂಸ್ಥೆಗಳು ಬೇರೆಯೂ ಇರಬಹುದು. ಆದರೆ ಅವು ಹೀಗೆ ಬಾಯಿಬಿಟ್ಟು ಹೇಳುವುದಿಲ್ಲ.

ಕೊನೆಗೆ ಮೂವರು ಆಯ್ಕೆಯಾದರು. ಕುಂಬಾರವಾಡದ ಜಾನಕಿ, ಕೊಂಕಣಿಯವಳು. ಹಳಿಯಾಳದ ಮೆಹಬೂಬಿ, ಉರ್ದುವಿನವಳು. ಮುಂಡಗೋಡದ ಟಿಬೆಟನ್ ಕಾಲೊನಿಯ ಡೋಲ್ಮಾ, ದಾಂಡೇಲಿಯಲ್ಲಿ ಸ್ವೆಟರ್ ಅಂಗಡಿ ಇಟ್ಟಿರುವ ಅಣ್ಣನ ಮನೆಯಲ್ಲಿದ್ದಾಳೆ. ಮಾವಶಿಗೆ ಹೆಸರುಗಳ ಗೊಡವೆಯೇ ಇಲ್ಲ. "ಏ ಕುಂಬಾರವಾಡ, ಹಿಟ್ಟು ನಾದು! ಏ ಹಳಿಯಾಳ, ರೊಟ್ಟಿ ಬಡಿ! ಏ ಮುಂಡಗೋಡ, ಹಂಚು ನೋಡು!" ನಮ್ಮ ಮನೆ ಹಿತ್ತಲೋ ಬಸ್‌ಸ್ಟ್ಯಾಂಡೋ ಎಂದು ಹೊಸದಾಗಿ ಬಂದವರಿಗೆ ಗೊಂದಲ.

ಮಾವಶಿಗೆ ಕೊಂಕಣಿ ಬರುತ್ತದೆ, ಉರ್ದು ಬರುತ್ತದೆ, ಮರಾಠಿ ಕೇಳುವುದೇ ಬೇಡ. ಹಾಗಾಗಿ ಒಬ್ಬಳು ಇನ್ನೊಬ್ಬಳಿಂದ ಉಪ್ಪು ಪಡೆಯಬೇಕಾದರೂ ಮಾವಶಿಯ ಮೂಲಕವೇ ಅರ್ಜಿ ಹೋಗಬೇಕು. ಟಿಬೆಟನ್ ಭಾಷೆ ಬಾರದ್ದರಿಂದ ಡೋಲ್ಮಾಳ ಜೊತೆ ಮಾತ್ರ ಹಿಂದಿ, ಅದೂ ಕಾಳಿ ನದಿಯ ಆ ದಡದಲ್ಲಿ ನಿಂತವರಿಗೆ ಹೇಳುವಷ್ಟು ಗಟ್ಟಿಯಾಗಿ: "ರೋಟೀ! ಗೋಲ್! ಗೋಲ್!" ಜೊತೆಗೆ ಗಾಳಿಯಲ್ಲಿ ಕೈಯಿಂದ ದೊಡ್ಡ ಸೊನ್ನೆ. ಡೋಲ್ಮಾ ತಲೆ ತಗ್ಗಿಸಿ ಗುಂಡನೆಯ ರೊಟ್ಟಿ ಬೇಯಿಸುತ್ತಿದ್ದಳು.

ಒಮ್ಮೆ ಮೂವರನ್ನೂ ಉಳವಿಯ ಗುಡಿಗೆ ಕರೆದುಕೊಂಡು ಹೋದರು. ತಂಡದಲ್ಲಿ ಒಗ್ಗಟ್ಟು ಬರಲಿ ಎಂದಲ್ಲ, ಬಾರದಿರಲಿ ಎಂದು! ಬಸ್ಸಿನಲ್ಲಿ ಒಬ್ಬಳನ್ನು ಡ್ರೈವರ್ ಹಿಂದೆ, ಒಬ್ಬಳನ್ನು ನಡುವೆ, ಒಬ್ಬಳನ್ನು ಕೊನೆಯ ಸೀಟಿನಲ್ಲಿ ಕೂರಿಸಿ, ತಾವು ದಾರಿಯುದ್ದಕ್ಕೂ ನಿಂತು ಮೂರು ಕಡೆಗೂ ಮೂರು ಭಾಷೆಯಲ್ಲಿ ಕೂಗುತ್ತ ಬಂದರು. ಕಂಡಕ್ಟರ್ ಮಾವಶಿಯನ್ನು ಟೂರಿಸ್ಟ್ ಗೈಡ್ ಎಂದುಕೊಂಡು ಸೂಪಾ ಡ್ಯಾಮ್ ಯಾವ ಕಡೆ ಕಾಣುತ್ತದೆಂದು ಕೇಳಿದನಂತೆ. ಅವರು ಹೇಳಿದರಂತೆ ಕೂಡ!

"ಈ ಮೂರೂ ಮಂದೀನ್ನ ಹಿಡದಿಟ್ಟಿದ್ದ ನನ್ನ ಬಾಯಿ. ಇದು ಮುಚ್ಚಿತಂದ್ರ ಕಾರ್ಖಾನಿ ಮುಚ್ಚಿತು ತಿಳಿ" ಎಂದು ನನಗೆ ಆಗಾಗ ಎಚ್ಚರಿಕೆ ಕೊಡುತ್ತಿದ್ದರು.

ನನಗೆ ಮಾತ್ರ ಅನುಮಾನವಿತ್ತು. ನಾನು ಓದಿದ ಕಾನ್ವೆಂಟಿನಲ್ಲಿ ತರಗತಿಯಲ್ಲಿ ಮಾತಾಡುವಂತಿರಲಿಲ್ಲ. ಆದ್ದರಿಂದ ಸುಮ್ಮನಿರುವವರು ಹೇಗೆ ಮಾತಾಡುತ್ತಾರೆಂದು ನನಗೆ ಗೊತ್ತು. ಮಾವಶಿ ನನ್ನೆದುರು ಕನ್ನಡದಲ್ಲಿ ಮೆಹಬೂಬಿಯ ಗಂಡನನ್ನು ಆಡಿಕೊಂಡರೆ ಡೋಲ್ಮಾಳ ಗಲ್ಲದಲ್ಲಿ ಗುಳಿ ಬೀಳುತ್ತಿತ್ತು. ಮಾವಶಿ ಬಟ್ಟೆ ಒಣಹಾಕಲು ಹೊರಬಂದರೆ ಶೆಡ್ಡಿನಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತು ಹೋಗುತ್ತಿತ್ತು. ಅವರ ಚಪ್ಪಲಿಯ ಸದ್ದು ಕೇಳಿದ ಕೂಡಲೇ ಬಡಿತ ಮತ್ತೆ ಶುರು!

ಕಳೆದ ವಾರ ಮಾವಶಿಯ ಗಂಟಲು ಕೈಕೊಟ್ಟಿತು. ಹುಬ್ಬಳ್ಳಿಯಲ್ಲಿ ಡಾಕ್ಟರು ಒಂದು ಸಣ್ಣ ಗಂಟು ತೆಗೆದರು. ಹೆದರುವಂಥದ್ದೇನಲ್ಲ, ಆದರೆ ತಿಂಗಳು ಪೂರ್ತಿ ಪಿಸುಮಾತೂ ಆಡಬಾರದು ಎಂದರು. "ಆಮೇಲೆ ಧ್ವನಿ ಮೊದಲಿನಷ್ಟು ಬರುತ್ತದೋ ಇಲ್ಲವೋ, ನೋಡೋಣ." ಹಿಂತಿರುಗುವಾಗ ಮಾವಶಿ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಲೇ ಕುಳಿತರು.

ಮನೆಗೆ ಬಂದ ದಿನವೇ, ಅಂದರೆ ಬುಧವಾರ ಸಂಜೆ, ಜೋಯಿಡಾ ರಸ್ತೆಯ ಹೊಸ ರೆಸಾರ್ಟಿನ ಮ್ಯಾನೇಜರ್ ಶೆಡ್ಡಿಗೆ ಬಂದ. ಮಾವಶಿಯ ಎದುರಿಗೇ, ಕನ್ನಡ, ಹಿಂದಿ, ಕೈಸನ್ನೆ ಎಲ್ಲ ಬೆರೆಸಿ, ಮೂವರಿಗೂ ಕೆಲಸ ಕೊಡುವೆನೆಂದ. ಯುನಿಫಾರ್ಮು, ಊಟ, ಹಬ್ಬಕ್ಕೆ ರಜೆ. "ನಾಳೆ ಒಂಬತ್ತಕ್ಕೆ ಮಿಲ್ ಗೇಟಿನ ಹತ್ರ ಜೀಪ್ ನಿಂತಿರ್ತದೆ, ಹತ್ತಿ ಬಂದ್ಬಿಡಿ." ಬೇರೆ ದಿನವಾಗಿದ್ದರೆ ಅವನು ಕಾಳಿ ನದಿ ದಾಟುವವರೆಗೂ ಹಿಂತಿರುಗಿ ನೋಡುತ್ತಿರಲಿಲ್ಲ. ಆ ದಿನ ಮಾವಶಿ ಚಿಮ್ಮಟಿಗೆಯಿಂದ ಹಂಚು ಕುಟ್ಟಿದರು. ಅವನು ಅದನ್ನು ಆತಿಥ್ಯವೆಂದು ತಿಳಿದು, "ಚಹಾ ಬೇಡ ಆಂಟೀ" ಎಂದ.

ಮೂವರೂ ಚಪ್ಪಲಿ ಮೆಟ್ಟಿ ಮನೆಗೆ ಹೋದರು.

ಹಾಗಾಗಿ ಗುರುವಾರ ಬೆಳಿಗ್ಗೆ ಆ ಒರೆಸಿದ ಮಣೆಗಳು. ಎಂಟೂವರೆಗೆ ಬರಬೇಕಾದವರು ಬರಲಿಲ್ಲ. ನಾದಲು ಕಾಯಿಸಿದ ನೀರು ಕುದಿಯುತ್ತಲೇ ಇತ್ತು. ಒಂಬತ್ತಾಯಿತು. ನಾನು "ಬಸ್ ತಡಾ ಆಗಿರಬೇಕ್ರಿ" ಎಂದೆ. ಮಾವಶಿ ನನ್ನನ್ನು ನೋಡಿದರು. ಡೋಲ್ಮಾ ಬಸ್ ಹತ್ತುವವಳೇ ಅಲ್ಲ, ಅಣ್ಣನ ಮನೆಯಿಂದ ನಡೆದೇ ಬರುವವಳು. ಹತ್ತಾಗುವ ಹೊತ್ತಿಗೆ ಮಾವಶಿ ಎದ್ದು ಗ್ಯಾಸ್ ಆರಿಸಿದರು. ಮೂರು ಮಣೆಗಳನ್ನೂ ಒಂದರ ಮೇಲೊಂದು ಪೇರಿಸಿ ಮೂಲೆಗಿಟ್ಟರು.

ಆಗ ಗೇಟಿನ ಬಳಿ ಒಂದು ಆಟೋ ನಿಂತಿತು. ಮೂವರೂ ಇಳಿದರು, ಒಬ್ಬರ ಮೇಲೊಬ್ಬರು ಬಿದ್ದು ಜಗಳವಾಡುತ್ತ. ಕನ್ನಡದಲ್ಲಿ!

"ಮೊದಲ ಹೇಳಿದ್ನಿಲ್ಲ, ನಡ್ಕೋತ ಹೋಗೂಣು ಅಂತ? ಆಟೋದವ ಊರೆಲ್ಲಾ ಸುತ್ತಿಸಿದಾ!" ಎಂದಳು ಜಾನಕಿ.

"ಸುಮ್ನಿರ ಮಾರಾಯ್ತಿ. ಜೀಪಿನವನ ಮುಂದ ಅರ್ಧಾ ತಾಸು ಭಾಷಣಾ ಮಾಡಿದಾಕಿ ನೀನ" ಎಂದಳು ಮೆಹಬೂಬಿ. ಆಮೇಲೆ ಮಾವಶಿಯತ್ತ ತಿರುಗಿದಳು. "ಮಾವಶಿಯಾರ, ಬರೂದಿಲ್ಲಂತ ಅವಗ ಹೇಳೇ ಬಂದ್ವಿ. ಟೂರಿಸ್ಟ್ ಮಂದಿ ಮುಂದ ಕುಂತು ರೊಟ್ಟಿ ಬಡೀಬೇಕಂತ್ರಿ, ಬಡ್ಕೋತ ನಗಬೇಕಂತ! ರೊಟ್ಟಿ ಬಡಿಯೂವಾಗ ಯಾರರ ನಗತಾರೇನ್ರಿ?"

ಮಾವಶಿಯ ಕಣ್ಣು ಒಬ್ಬಳಿಂದ ಒಬ್ಬಳಿಗೆ ಹರಿದು ಕೊನೆಗೆ ಡೋಲ್ಮಾಳ ಮೇಲೆ ನಿಂತಿತು. ಕೈ ತಾನಾಗಿ ಗಾಳಿಯಲ್ಲಿ ಅರ್ಧ ಸೊನ್ನೆ ಬರೆದು ಅಲ್ಲೇ ಉಳಿಯಿತು.

"ನಾ ಹುಟ್ಟಿದ್ದ ಮುಂಡಗೋಡದಾಗ ರೀ" ಎಂದಳು ಡೋಲ್ಮಾ ಮೆತ್ತಗೆ. "ನಿಮ್ಮಲ್ಲೆ ಕನ್ನಡ ಬಂದ್ರ ಕೆಲಸಾ ಸಿಗೂದಿಲ್ಲಂತ ಪ್ಯಾಟಿ ತುಂಬ ಗೊತ್ತಿತ್ತು. ಅದಕ್ಕ ಇವರಿಬ್ಬರೂ ಕನ್ನಡ ಬರೂದಿಲ್ಲಂದ್ರು. ನನ್ನನ್ನಂತೂ ನೀವು ಕೇಳಲೇ ಇಲ್ರಿ, ಮಾರಿ ನೋಡೇ ತಗೊಂಡ್ರಿ."

ಅಯ್ಯೋ ಪಾಪ! ಜೀವಮಾನದಲ್ಲೇ ಅತ್ಯಂತ ದೊಡ್ಡ ಬೈಗುಳಕ್ಕೆ ಅವಕಾಶ ಒದಗಿ ಬಂದಿದೆ, ಬಾಯಿಗೆ ಬೀಗ! ಮಾವಶಿಯ ಕತ್ತಿನ ನರ ಉಬ್ಬಿತು, ಕಿವಿ ಕೆಂಪಾಯಿತು. ಕೊನೆಗೆ ಕಡ್ಡಿ ಗೀರಿ ಗ್ಯಾಸ್ ಹಚ್ಚಿದರು.

ಆ ದಿನ ಬಾಗಿಲ ಬಳಿ ಕುಳಿತು ನೋಡುವುದಷ್ಟೇ ಅವರ ಕೆಲಸ. ಮೂವರೂ ಬಾಯಿತುಂಬ ಮಾತಾಡಿದರು, ಹಾಡು ಹೇಳಿದರು, ಆದರೂ ರೊಟ್ಟಿ ಎಂದಿಗಿಂತ ಬೇಗ ಮುಗಿಯಿತು. ಸಿದ್ಧಾಂತಕ್ಕೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ? ಆದರೆ ಒಂದು ಸಂಗತಿ ನಾನು ಗಮನಿಸಿದೆ. ಹಿಟ್ಟು ಬಿರಿದಾಗ "ಕೈಯಾಗ ಜೀವಾ ಐತಿಲ್ಲೋ, ಮಿಲ್ಲಿಗೆ ಅಡಾ ಇಟ್ಟ ಬಂದೀಯೋ?" ಎಂದು ಮೆಹಬೂಬಿ ಜಾನಕಿಗೆ ಗದರಿದಳು. ಹಂಚು ಹೊಗೆಯಾಡಿದಾಗ "ಏ ಮುಂಡಗೋಡ, ರೊಟ್ಟಿ ಸುಡು ಅಂದ್ರ ಮನೀ ಸುಡತೀಯೇನ?" ಎಂದಳು ಜಾನಕಿ. ಡೋಲ್ಮಾ ಇಬ್ಬರಿಗೂ ಸೇರಿಸಿ ತಿರುಗಿ ಕೊಟ್ಟಳು. ಪದ ಮಾವಶಿಯದು, ರಾಗ ಮಾವಶಿಯದು, ಕೊನೆಯಲ್ಲಿ ಎಳೆಯುವ ಆ ಮೊಂಡು ಎಳೆತವೂ ಅವರದೇ. ಅಣಕಿಸುತ್ತಿರಲಿಲ್ಲ. ಕೆಲಸದ ಹೊತ್ತಿಗೆ ಅವರ ಬಾಯಿಗೆ ಬರುವ ಭಾಷೆಯೇ ಅದಾಗಿತ್ತು.

ಮಾವಶಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೇಳುತ್ತಿದ್ದರು. ಒಮ್ಮೆ ಜಾನಕಿ ಬೈಗುಳದ ನಡುವೆ ಪದ ಮರೆತು ತಡವರಿಸಿದಾಗ, ಧ್ವನಿಯಿಲ್ಲದೆ ಇವರ ತುಟಿ ಅದನ್ನು ಪೂರ್ತಿ ಮಾಡಿತು.

ಸಂಜೆ ನಾನು ಬಟ್ಟೆ ತೆಗೆಯುತ್ತಿದ್ದೆ, ಮಾವಶಿ ಪಕ್ಕದಲ್ಲಿ ನಿಂತು ಕ್ಲಿಪ್ಪು ಹಿಡಿದಿದ್ದರು. ಕಾಂಪೌಂಡಿನಾಚೆ ಪಕ್ಕದ ಮನೆಯಾಕೆ ಸೊಪ್ಪು ಸೋಸುತ್ತ, ತಲೆಯನ್ನೂ ಎತ್ತದೆ ಹೇಳಿದರು:

"ಅಲ್ರೀ, ದವಾಖಾನಿಯಿಂದ ಬಂದ ಮ್ಯಾಲೆ ನಿಮ್ಮ ಮಾವಶಿ ಗಂಟಲಾ ಮತ್ತೂ ಜೋರಾಗೇತಲ್ರೀ! ದಿನಾ ಪೂರ್ತಿ ನನಗ ಟಿವಿ ಕೇಳಸ್ಲಿಲ್ಲ ನೋಡ್ರಿ."