ಐದನೆಯ ತಿರುವಿನ ಕಣಿ

ಮೇ ತಿಂಗಳ ಬಿಸಿಲಿನಲ್ಲಿ ಕೊಡಪಾನ ತುಂಬ ನೀರು ಹೊತ್ತು ಗುಡ್ಡ ಹತ್ತಿ, ಒಂದು ಗುಟುಕೂ ಕುಡಿಯದೆ ಅದನ್ನು ದಾರಿಗೆ ಸುರಿದು, ಹರಿದು ಹೋಗುವ ನೀರನ್ನು ಕುಕ್ಕರಗಾಲಿನಲ್ಲಿ ಕೂತು ನೋಡಿ, ಖಾಲಿ ಕೊಡಪಾನ ಹಿಡಿದು ಸಂತೋಷದಿಂದ ಇಳಿದು ಬರುವ ಮನುಷ್ಯನನ್ನು ನೀವು ಎಲ್ಲಿಯಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದು ಮಾತ್ರವಲ್ಲ, ಅವರ ತಂಗಿಯನ್ನೇ ಮದುವೆಯಾದವನು ನಾನು!

ಅವರು ನನಗೆ ಭಾವ. ನಮ್ಮ ಕಡೆಯ ರೂಢಿಯಲ್ಲಿ ನಾನೂ ಅವರಿಗೆ ಭಾವನೇ. ಗೊಂದಲ ಬೇಡವೆಂದು ಈ ಬರಹದಲ್ಲಿ ಭಾವ ಎಂದರೆ ಅವರು, ತಪ್ಪಿತಸ್ಥ ಎಂದರೆ ನಾನು ಎಂದು ಇಟ್ಟುಕೊಳ್ಳಿ. ಎರಡನೆಯ ಮಾತಿನ ಅರ್ಥ ಸ್ವಲ್ಪ ಹೊತ್ತಿನಲ್ಲಿ ಆಗುತ್ತದೆ. ಎಪ್ಪತ್ತು ದಾಟಿದ ಮೇಲೆ ಮುಚ್ಚಿಡುವುದಕ್ಕೆ ನನ್ನಲ್ಲಿ ಜಾಗ ಉಳಿದಿಲ್ಲ.

ಭಾವನ ಮನೆ ಕಡಿಯಾಳಿಯಲ್ಲಿ. ಕೆಲಸ ಆದಿ ಉಡುಪಿಯ ಮಾರುಕಟ್ಟೆಯಲ್ಲಿ, ತೂಕದ ಗುಮಾಸ್ತನದ್ದು. ಆರು ದಿನ ಮೆಣಸು, ತೆಂಗಿನಕಾಯಿ, ಬೆಲ್ಲ ತೂಗುವುದು. ಏಳನೆಯ ದಿನ ಗುಡ್ಡ. ಕಾರ್ಕಳದಿಂದಾಚೆ, ಸರಕಾರಿ ಕಾಡಿನೊಳಗೆ ಒಂದು ಗುಡ್ಡ ಉಂಟು. ಅದರ ನೆತ್ತಿಯ ಮೇಲೆ ಹನ್ನೆರಡು ಮನೆಗಳು. ಅಲ್ಲಿಯ ಹೆಂಗಸರು ಕಟ್ಟಿದ ಬೀಡಿ ಕೆಳಗೆ ಬರುವುದು, ಅವರಿಗೆ ಬೇಕಾದ ಅಕ್ಕಿ ಮೇಲೆ ಹೋಗುವುದು ಎಲ್ಲವೂ ಒಂದೇ ಕಾಲುದಾರಿಯಲ್ಲಿ. ಮೇಲಿನ ಬಂಡೆಯ ಮೇಲೆ ನಿಂತರೆ, ಆಕಾಶ ಸರಿ ಇದ್ದ ದಿನ, ಪಶ್ಚಿಮದಲ್ಲಿ ಸಮುದ್ರದ ಒಂದು ಗೆರೆ ಕಾಣುತ್ತದೆ. ಹಾಗಾಗಿ ರಜೆಯಲ್ಲಿ ಪೇಟೆಯವರೂ ಹತ್ತುತ್ತಿದ್ದರು. ಎಪ್ಪತ್ತರ ದಶಕದ ನಡುವಿನಲ್ಲಿ ಭಾವನೂ ಹಾಗೆ ಸಮುದ್ರ ನೋಡಲೆಂದು ಹೋದವರು, ಎರಡು ಕಡೆ ಜಾರಿ ಬಿದ್ದರು. ಸಮುದ್ರ ಕಂಡಿತಾ ಎಂದು ತಂಗಿ ಕೇಳಿದರೆ, ಆ ದಾರಿಯಲ್ಲಿ ನೀರು ಹೋಗಲಿಕ್ಕೆ ಜಾಗ ಇಲ್ಲ ಎಂದರಂತೆ. ಮುಂದಿನ ಭಾನುವಾರ ಪಿಕ್ಕಾಸು ಹಿಡಿದು ಹೋದರು. ಆಮೇಲೆ ಒಂದು ಭಾನುವಾರವೂ ತಪ್ಪಲಿಲ್ಲ.

ಮೊದಲ ಬಸ್ಸಿಗೇ ಹೊರಡುವುದು. ಬಗಲಲ್ಲಿ ಪೇಪರು ಸುತ್ತಿದ ಕತ್ತಿ, ಕೈಯಲ್ಲಿ ಕೊಡಪಾನ. ಬಿಳಿ ಪಂಚೆ ಉಟ್ಟು ಮುಂಜಾನೆ ಕೊಡಪಾನ ಹಿಡಿದು ಬಸ್ಸು ಹತ್ತಿದವರನ್ನು ಕಂಡರೆ ಯಾರಿಗೂ ಒಂದೇ ಯೋಚನೆ ಬರುವುದು. ಹೊಸ ಕಂಡಕ್ಟರನೊಬ್ಬ ಟಿಕೇಟು ಹರಿಯುತ್ತಾ ಮೆಲ್ಲನೆ ವಿಚಾರಿಸಿದ:

"ಯಾರು ಹೋದದ್ದು?"

"ಯಾರೂ ಹೋಗಲಿಲ್ಲ. ಹೋಗಬಾರದು ಎಂದೇ ನಾನು ಹೋಗುವುದು," ಎಂದರು ಭಾವ.

ಕಂಡಕ್ಟರ್ ಕಾರ್ಕಳದವರೆಗೂ ಅವರ ಪಕ್ಕದ ಸೀಟಿನಲ್ಲಿ ಯಾರನ್ನೂ ಕೂರಿಸಲಿಲ್ಲ.

ಕೊಡಪಾನದ ಗುಟ್ಟು ಹೇಳಿಬಿಡುತ್ತೇನೆ. ಗುಡ್ಡದ ದಾರಿಯನ್ನು ತಿನ್ನುವುದು ಕಾಲಲ್ಲ, ನೀರು. ಇದು ಭಾವನ ಸಿದ್ಧಾಂತ. ಮಳೆಯ ನೀರು ದಾರಿಯುದ್ದಕ್ಕೂ ಇಳಿದರೆ ದಾರಿಯೇ ತೋಡಾಗುತ್ತದೆ. ಅದಕ್ಕೆ ಅಲ್ಲಲ್ಲಿ ದಾರಿಗೆ ಓರೆಯಾಗಿ ಸಣ್ಣ ಕಣಿ ತೋಡಿ, ನೀರನ್ನು ಪಕ್ಕದ ಕಾಡಿಗೆ ಹೊರಳಿಸಬೇಕು. ಎಲ್ಲಿ ತೋಡುವುದು? ಅದನ್ನು ನೀರನ್ನೇ ಕೇಳಬೇಕು. ಒಂದು ಕೊಡ ಸುರಿದು ಅದು ಎತ್ತ ವಾಲುತ್ತದೆ ನೋಡುವುದು, ವಾಲಿದ ಕಡೆ ತೋಡುವುದು, ತೋಡಿದ ಮೇಲೆ ಇನ್ನೊಂದು ಕೊಡ ಸುರಿದು ಪರೀಕ್ಷೆ ಮಾಡುವುದು. ಇದನ್ನು ನೋಡಿದ ಮೇಲಿನ ಮನೆಯ ಅಜ್ಜಿಯೊಬ್ಬರು ಇವರು ಯಾವುದೋ ಹರಕೆ ತೀರಿಸುತ್ತಿದ್ದಾರೆ ಎಂದುಕೊಂಡು, ನೀರು ಬಿದ್ದ ಕಡೆಗಳಲ್ಲೆಲ್ಲ ದಾಸವಾಳ ಇಟ್ಟು ಕೈ ಮುಗಿಯತೊಡಗಿದರು. ಭಾವ ಗಾಬರಿಯಾದರು. ಇನ್ನೊಂದು ತಿಂಗಳು ಬಿಟ್ಟರೆ ಅಲ್ಲಿ ದೈವದ ಕಲ್ಲು ನಿಲ್ಲುತ್ತದೆ, ಕಲ್ಲು ನಿಂತರೆ ಕಣಿ ತೋಡಲಿಕ್ಕೆ ಬಿಡುವುದಿಲ್ಲ! ಆಮೇಲೆ ಅಜ್ಜಿ ಕಾಣದ ಹೊತ್ತು ನೋಡಿ ಕದ್ದು ನೀರು ಸುರಿಯುತ್ತಿದ್ದರು.

ಇಳಿಯುವಾಗ ಅವರು ಹಿಮ್ಮುಖವಾಗಿ ಇಳಿಯುತ್ತಿದ್ದರು. ಹತ್ತುವವನ ಕಣ್ಣಿಗೆ ದಾರಿ ಹೇಗೆ ಕಾಣುತ್ತದೆಂದು ಇಳಿಯುವಾಗಲೂ ನೋಡಬೇಕಂತೆ. ಹಾಗೆ ಇಳಿಯುತ್ತಾ ಒಂದು ದಿನ ಮಣಿಪಾಲದ ಮೇಷ್ಟ್ರೊಬ್ಬರ ಎದೆಗೆ ಬೆನ್ನು ಕೊಟ್ಟರು. ಮೇಷ್ಟ್ರು ಕಾಲೇಜು ಹುಡುಗರನ್ನು ಗುಡ್ಡ ಹತ್ತಿಸಲು ಕರೆತಂದವರು. ಬೂಟು, ಟೋಪಿ, ಕುತ್ತಿಗೆಯಲ್ಲಿ ದುರ್ಬೀನು. ಪಾಪ, ಸಿಟ್ಟಾಗಲಿಲ್ಲ. ಬದಲಿಗೆ ಆಸಕ್ತಿ ಹುಟ್ಟಿ, ಮುಂದಿನ ವಾರ ಇಳಿಜಾರು ಅಳೆಯುವ ಯಂತ್ರವನ್ನೇ ತಂದರು. ಮೂರು ಕಾಲಿನ ಮೇಲೆ ಅದನ್ನು ನಿಲ್ಲಿಸಿ, ಅರ್ಧ ಗಂಟೆ ಒಂದು ಕಣ್ಣು ಮುಚ್ಚಿ ನೋಡಿ, ಕಾಗದದ ಮೇಲೆ ಗುಣಿಸಿ ಭಾಗಿಸಿ, ಹತ್ತು ಅಡಿಗೆ ಒಂದು ಅಡಿ ಇಳಿಜಾರು ಎಂದರು. ಭಾವ ಅದನ್ನೇ ಕತ್ತಿಯ ತುದಿ ತೋರಿಸಿ ಮೊದಲೇ ಹೇಳಿದ್ದರು. ಈಗ ಯಂತ್ರವನ್ನು ಮೆಚ್ಚಿ ತಲೆಯಾಡಿಸಿ, "ಒಳ್ಳೆಯದುಂಟು ಮಾರಾಯ್ರೆ, ಬಿಸಾಡಬೇಡಿ," ಎಂದರು.

ಕತ್ತಿ ಪಿಕ್ಕಾಸು ಹಿಡಿದ ಇವರನ್ನು ಮರಗಳ್ಳರೆಂದು ಹಿಡಿಯಲು ಬಂದ ಕಾಡಿನ ಗಾರ್ಡನ ಕಥೆಯೂ ಹೀಗೆಯೇ. ಅವನು ಬೆದರಿಸಲು ಬಾಯಿ ತೆರೆಯುವ ಮೊದಲೇ ಭಾವ, ಈ ಹಗ್ಗದ ತುದಿ ಸ್ವಲ್ಪ ಹಿಡಿಯಿರಿ ಎಂದರು. ಹಿಡಿದ. ಇನ್ನೂ ಸ್ವಲ್ಪ ಎಡಕ್ಕೆ ಎಂದರು. ಹೋದ. ಮಧ್ಯಾಹ್ನದವರೆಗೆ ಹಿಡಿದವನು ಕೊನೆಗೆ ಅವಲಕ್ಕಿಗೂ ಕೂತ, ಮುಂದಿನ ಭಾನುವಾರ ಸ್ವಂತ ಹಾರೆ ತಂದ!

ಹೀಗೆ ಸೇರಿದವರು ಆರೇಳು ಮಂದಿ. ಸಂಘಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ಬೋರ್ಡಿಲ್ಲ. ಎಲ್ಲರಿಗಿಂತ ನಿಷ್ಠಾವಂತ ಸದಸ್ಯ ಕಾಪುವಿನ ಹಸನಬ್ಬ, ಒಣಮೀನಿನ ವ್ಯಾಪಾರಿ. ವಾರಕ್ಕೊಮ್ಮೆ ತಲೆಯ ಮೇಲೆ ಬುಟ್ಟಿ ಹೊತ್ತು ಆ ಹನ್ನೆರಡು ಮನೆಗಳಿಗೆ ಮೀನು ತರುತ್ತಿದ್ದವರು. ನನ್ನ ಭಾವ ಮೀನು ಮುಟ್ಟದವರು. ಆದರೂ ಗಾಳಿಯಲ್ಲಿ ಒಣಮೀನಿನ ವಾಸನೆ ಬಂದ ಕೂಡಲೇ ಅವರ ಮುಖ ಅರಳುತ್ತಿತ್ತು. ಹಸನಬ್ಬನಿಗೂ ಸಲಿಗೆ. ಭಟ್ರೆ, ನೀವು ಸತ್ತರೆ ನಿಮ್ಮನ್ನು ಸ್ವರ್ಗಕ್ಕೆ ಬಿಡುವುದಿಲ್ಲ, ಅಲ್ಲಿಯ ಮೆಟ್ಟಿಲು ಕಿತ್ತು ಹಾಕುತ್ತೀರಿ ಎಂದು ಹೆದರಿಕೆ ಉಂಟು ಅವರಿಗೆ, ಎನ್ನುತ್ತಿದ್ದರು.

ಇಂಥ ಮಂದಿಯ ನಡುವೆ ನಾನು ಹೇಗೆ ಸೇರಿದೆ? ಹೆಂಡತಿ ಕಳಿಸಿದಳು. ಎಂಬತ್ತರ ಆಸುಪಾಸಿನಲ್ಲಿ ನಮ್ಮ ಮದುವೆಯಾಗಿತ್ತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಉದ್ಯಾವರದ ಹೆಂಚಿನ ಡಿಪೋದಲ್ಲಿ ಕೂತು ಮೈ ಬೆಳೆಸಿಕೊಂಡವನು. ಭಾನುವಾರ ಮಲಗುವ ಬದಲು ಅಣ್ಣನ ಜೊತೆ ಹೋಗಿ ಎಂದಳು. ಹೋದೆ. ಹೋಗಿ ಏನು ಮಾಡಿದೆ ಎಂದು ಕೇಳಬೇಡಿ. ತಂಗಿಯ ಗಂಡನಿಗೆ ನಮ್ಮಲ್ಲಿ ಎಂಥ ಮರ್ಯಾದೆ ಎಂದು ನಿಮಗೆ ಗೊತ್ತಲ್ಲ? ಅದು ಗುಡ್ಡ ಹತ್ತಿದರೂ ಕಡಿಮೆಯಾಗುವುದಿಲ್ಲ. ನೆರಳಿನ ಕೆಲಸ ನನಗೆ, ಹಗುರ ಹಾರೆ ನನಗೆ, ಅವಲಕ್ಕಿಯ ಬುತ್ತಿಯಲ್ಲಿ ಮೊದಲ ಪಾಲು ನನಗೆ. ಬೇರೆಯವರು ತೋಡಿದ ಕಣಿಗೆ ಭಾವ ತಾವೇ ನೀರು ಸುರಿದು ನೋಡುತ್ತಿದ್ದರು. ಗಾರ್ಡನದ್ದು ಒಮ್ಮೆ ಮೂರು ಸಲ ಮುಚ್ಚಿಸಿ ತೋಡಿಸಿದ್ದರು. ನನ್ನ ಕಣಿಗೆ ಮಾತ್ರ ಪರೀಕ್ಷೆ ಇಲ್ಲ. ಸರಿಯಾಯಿತಾ ಭಾವ ಎಂದು ಕೇಳುವುದು, ಆಯಿತು ಎಂದು ನಾನು ಹೇಳುವುದು, ಮುಗಿಯಿತು. ತಂಗಿಯ ಗಂಡನ ಮಾತಿನ ಮೇಲೆ ಯಾರಾದರೂ ನೀರು ಸುರಿದು ನೋಡುತ್ತಾರಾ?

ಆ ವರ್ಷ ಮೇ ತಿಂಗಳ ಕೊನೆಯ ಭಾನುವಾರ ಐದನೆಯ ತಿರುವು ನನ್ನ ಪಾಲಿಗೆ ಬಂತು. ಅದು ಇಡೀ ದಾರಿಯ ಕಠಿಣ ತಿರುವು, ಒಂದು ಬದಿಗೆ ಇಪ್ಪತ್ತು ಅಡಿ ಇಳಿಜಾರು. ಜನ ಕಡಿಮೆ ಇದ್ದುದರಿಂದ ಕೊಟ್ಟರು. ಗುರುತು ಹಾಕಿ, ಮೊಣಕಾಲುದ್ದ ಆಳ ಬೇಕು ಎಂದು ಹೇಳಿ, ಅವರು ಮೇಲೆ ಹೋದರು. ನಾನು ತೋಡಿದೆ. ಒಂದು ಗೇಣು ಹೋಗುವಷ್ಟರಲ್ಲಿ ಕೆಳಗಿನ ಗಟ್ಟಿ ಮುರಕಲ್ಲು ಠಣ್ ಎಂದಿತು. ಇನ್ನೆರಡು ಪೆಟ್ಟು ಹಾಕಿದೆ. ಅಂಗೈ ಉರಿಯಿತು. ಸುತ್ತ ನೋಡಿದೆ, ಯಾರೂ ಇಲ್ಲ. ಅಷ್ಟು ಸಾಕೆಂದು ತೀರ್ಮಾನಿಸಿ, ಎರಡೂ ಅಂಚಿಗೆ ಮಣ್ಣು ಏರಿಸಿದೆ, ಆಳವಾಗಿ ಕಾಣಲಿ ಎಂದು. ಮೇಲೆ ಒಳ್ಳೊಳ್ಳೆಯ ಕಲ್ಲು ಆರಿಸಿ ಸಾಲಾಗಿ ಜೋಡಿಸಿದೆ. ಪರೀಕ್ಷೆಗೆಂದು ಕೊಟ್ಟಿದ್ದ ಕೊಡಪಾನದ ನೀರಿನಲ್ಲಿ ಮುಖ ತೊಳೆದು, ಕಾಲು ತೊಳೆದು, ಉಳಿದದ್ದನ್ನು ತಲೆಗೆ ಹುಯ್ದುಕೊಂಡೆ. ಆಹಾ, ಏನು ಸುಖ!

ಭಾವ ಇಳಿದು ಬಂದರು. ಖಾಲಿ ಕೊಡಪಾನ ನೋಡಿದರು.

"ನೀರು ಬಿಟ್ಟು ನೋಡಿದಿರಾ ಭಾವ?"

"ನೋಡಿದೆ. ಸೀದಾ ಕಾಡಿಗೆ ಹೋಯಿತು," ಎಂದೆ.

ಕಲ್ಲಿನ ಸಾಲನ್ನು ನೋಡಿ ಅವರು ಹಸನಬ್ಬನನ್ನು ಕೂಗಿ ಕರೆದು ತೋರಿಸಿದರು, ಕೆಲಸ ಎಂದರೆ ಹೀಗೆ ಎಂದು. ಹಸನಬ್ಬನೂ ಹೊಗಳಿದರು.

ಜೂನಿನ ಎರಡನೆಯ ವಾರ ಮಳೆ ಹಿಡಿಯಿತು. ಮೂರನೆಯ ದಿನ ಹಸನಬ್ಬ ಬುಟ್ಟಿ ಹೊತ್ತು ಹತ್ತುತ್ತಿದ್ದಾಗ ಐದನೆಯ ತಿರುವು ಅವರ ಕಾಲ ಕೆಳಗಿನಿಂದ ಕಳಚಿಕೊಂಡಿತು. ಕಣಿ ತುಂಬಿ, ನೀರು ದಾರಿಯ ಅಡಿಗೆ ಹೊಕ್ಕು, ಅಂಚನ್ನೇ ಕೊರೆದಿತ್ತು. ಕಾಡಿನ ನರಿಗಳೆಲ್ಲ ಆ ದಿನ ಬಂಗುಡೆ ತಿಂದುವು ಎಂದು ಆಮೇಲೆ ಹಸನಬ್ಬನೇ ತಮಾಷೆ ಮಾಡಿದರು. ಮಾಡಿದ್ದು ಆಸ್ಪತ್ರೆಯ ಮಂಚದ ಮೇಲಿನಿಂದ. ಬಲಗೈ ಮುರಿದಿತ್ತು, ಭುಜದ ಕೀಲು ಜಾರಿತ್ತು. ಆ ಕೈ ಮುಂದೆಂದೂ ತಲೆಯ ಮಟ್ಟಕ್ಕೆ ಏರಲಿಲ್ಲ. ತಲೆಯ ಮೇಲೆ ಬುಟ್ಟಿ ಹೊರುವವನಿಗೆ ಅದರ ಅರ್ಥ ಏನೆಂದು ನಾನು ವಿವರಿಸಬೇಕಾಗಿಲ್ಲ.

ಭಾವ ನನ್ನನ್ನು ಒಂದು ಮಾತೂ ಕೇಳಲಿಲ್ಲ. ನನ್ನ ಕಣಿ ಸರಿ ಇತ್ತಲ್ಲ, ನಾನೇ ಹೇಳಿದ್ದೆನಲ್ಲ. ಹಾಗಾದರೆ ತಪ್ಪಿದ್ದು ಯಾರು? ಗುರುತು ಹಾಕಿದವರು. ಇಷ್ಟು ವರ್ಷ ತಾನು ನೀರನ್ನು ಓದಿದ್ದೇನೆ ಎಂದುಕೊಂಡದ್ದೇ ಭ್ರಮೆ, ಒಬ್ಬನ ಕೈ ಮುರಿಸಿಕೊಂಡು ಇದನ್ನು ಕಲಿಯಬೇಕಾಯಿತು ಎಂದು ತಂಗಿಯ ಹತ್ತಿರ ಹೇಳಿದರಂತೆ. ಮುಂದಿನ ಭಾನುವಾರ ಹೋಗಲಿಲ್ಲ. ಅದರ ಮುಂದಿನದ್ದೂ ಇಲ್ಲ. ಗಾರ್ಡ್ ಬಂದು ಕರೆದ, ಮೇಷ್ಟ್ರು ಬಂದು ಕರೆದರು. ಬೇರೆ ಯಾರಾದರೂ ಕಣ್ಣಿರುವವರನ್ನು ಕರೆದುಕೊಂಡು ಹೋಗಿ ಎಂದು ಕಳಿಸಿದರು. ಮಾರುಕಟ್ಟೆಯಲ್ಲೂ ಅವರು ಒಂದೇ ಮೂಟೆಯನ್ನು ಎರಡೆರಡು ಸಲ ತೂಗುತ್ತಿದ್ದಾರೆ ಎಂಬ ಸುದ್ದಿ ಬಂತು.

ಮತ್ತೆ ನಾನು? ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಾ ದೀಪಾವಳಿಗೆ ಹೋಗಿ ಹೋಳಿಗೆ ತಿಂದು ಬಂದೆ. ಯುಗಾದಿಗೂ ಹೋದೆ. ನನಗೆ ಮೊದಲು ಬಡಿಸುವುದು ಮಾತ್ರ ನಿಲ್ಲಲಿಲ್ಲ. ಹೇಳಿದರೆ ಆ ಮೊದಲ ಎಲೆ ಹೋಗುತ್ತದೆ ಎಂಬ ಹೆದರಿಕೆ, ನೋಡಿ! ಒಬ್ಬ ಮನುಷ್ಯ ತನ್ನ ಕಣ್ಣನ್ನೇ ನಂಬದೆ ಕೂತಿದ್ದಾನೆ, ನನಗೆ ಊಟದ ಎಲೆಯ ಚಿಂತೆ.

ಇನ್ನೊಂದು ಮೇ ಬಂತು. ಭಾವ ಪಿಕ್ಕಾಸನ್ನು ಗುಜರಿಗೆ ಕೊಡುತ್ತಾರಂತೆ ಎಂದು ಹೆಂಡತಿ ಹೇಳಿದ ದಿನ ನಾನು ಊಟ ಬಿಟ್ಟು ಎದ್ದು ಕಡಿಯಾಳಿಗೆ ಹೋದೆ. ಜಗುಲಿಯಲ್ಲಿ ಕೂತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ: ಮುರಕಲ್ಲು, ಏರಿಸಿದ ಮಣ್ಣು, ತಲೆಗೆ ಹುಯ್ದುಕೊಂಡ ನೀರು. ಬಯ್ಗುಳಕ್ಕೆ ನಾನು ತಯಾರಾಗಿದ್ದೆ. ಬಂದದ್ದು ಒಂದೇ ಪ್ರಶ್ನೆ.

"ಕಲ್ಲು ಸಿಕ್ಕಿದ್ದು ಎಷ್ಟು ಆಳದಲ್ಲಿ?"

"ಒಂದು ಗೇಣು."

"ಒಂದೇ ಗೇಣು," ಎಂದರು. ಮತ್ತೆ ತಮ್ಮಷ್ಟಕ್ಕೇ, "ಹಾಗಾದರೆ ಗುರುತು ಸರಿಯೇ ಇತ್ತು, ಆಳ ಸಾಲದೆ ಹೋಯಿತು."

ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು. ನಾನು ಒಳಗೆ ನೋಡುತ್ತಾ ನಿಂತೆ. ಸ್ವಲ್ಪ ಹೊತ್ತಿಗೆ ಎದ್ದು ಅಂಗಿ ಹಾಕಿಕೊಂಡರು.

"ಹಸನಬ್ಬನಿಗೆ ನೀವೇ ಹೇಳಬೇಕು ಭಾವ. ನಾನು ಜೊತೆಗೆ ಬರುತ್ತೇನೆ."

ಕಾಪುವಿಗೆ ಹೋದೆವು. ಹಸನಬ್ಬ ಈಗ ಬುಟ್ಟಿ ಬಿಟ್ಟು, ಮನೆಯ ಮುಂದೆ ಎರಡು ಹಲಗೆ ಹಾಕಿ ಮೀನು ಮಾರುತ್ತಿದ್ದರು. ನಾನು ಬಾಯಿ ತೆರೆಯುವಾಗ ಭಾವ ಅಂಗಳದ ತುದಿಗೆ ಹೋಗಿ, ನಮಗೆ ಬೆನ್ನು ಹಾಕಿ, ಸಮುದ್ರದ ಕಡೆ ತಿರುಗಿ ನಿಂತರು. ತಂಗಿಯ ಗಂಡ ತಲೆ ತಗ್ಗಿಸಿದ್ದನ್ನು ಅವರು ನೋಡಲು ಒಪ್ಪಲಿಲ್ಲ. ಹಸನಬ್ಬ ಎಡಗೈಯಿಂದ ನೊಣ ಓಡಿಸುತ್ತಾ ಎಲ್ಲವನ್ನೂ ಕೇಳಿದರು.

"ಕೈಯ ವಿಷಯ ನಾನೂ ಮೇಲಿರುವವನೂ ನೋಡಿಕೊಳ್ಳುತ್ತೇವೆ," ಎಂದರು. "ಆದರೆ ಆ ಮನುಷ್ಯನನ್ನು ಒಂದು ವರ್ಷ ಮನೆಯಲ್ಲಿ ಕೂರಿಸಿದಿರಲ್ಲ. ಅದಕ್ಕೆ ಮಾಫಿ ಕೊಡಲಿಕ್ಕೆ ನಾನು ಯಾರು?"

ನಾನು ಅಂಗಳದ ತುದಿಗೆ ಹೋಗಿ ಭಾವನ ಪಕ್ಕದಲ್ಲಿ ನಿಂತೆ.

ಉಡುಪಿಯ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತೆವು. ಬಸ್ಸು ಹೊರಟದ್ದೇ ತಡ, ಒಂದು ವರ್ಷದಿಂದ ಗುಡ್ಡದ ಹೆಸರೆತ್ತದ ಭಾವ ಮಾತು ಶುರು ಮಾಡಿದರು. ಮುರಕಲ್ಲು ಒಂದು ಗೇಣಿಗೇ ಸಿಕ್ಕಿದರೆ ಕಣಿಯನ್ನು ಎರಡು ಮಾರು ಮೇಲಕ್ಕೆ ಒಯ್ಯಬೇಕು, ಅಲ್ಲಿಂದ ಓರೆ ಹೆಚ್ಚಿಸಬೇಕು. ನನಗೆ ತಲೆಗೆ ಹೋಗಲಿಲ್ಲವೆಂದು ಕಂಡಿರಬೇಕು. ನನ್ನ ಬಲಗೈ ಎಳೆದು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು, ಅಂಗೈಯ ಮೇಲೆ ಬೆರಳಿನಿಂದ ಬರೆಯತೊಡಗಿದರು. ಇದು ದಾರಿ, ಇದು ಕಲ್ಲು, ನೀರು ಹೀಗೆ ಬರುತ್ತದೆ, ನೋಡಿ ಭಾವ, ಹೀಗೆ.

ಉದ್ಯಾವರ ಬಂತು. ನನ್ನ ಸ್ಟಾಪು. ಕಂಡಕ್ಟರ್ ಎರಡು ಸಲ ಕೂಗಿ ನನ್ನ ಮುಖ ನೋಡಿದ. ಅವರ ಬೆರಳು ಇನ್ನೂ ಗುಡ್ಡದ ಅರ್ಧದಲ್ಲಿತ್ತು. ನಾನು ಕೈ ಬಿಚ್ಚಿಕೊಂಡೇ ಕೂತೆ.