ಫ್ಯಾನಿನ ಕೆಳಗಿನ ಕುರ್ಚಿ

ದೇವೇಂದ್ರನ ಬಲಗೈ ಮಣಿಕಟ್ಟು ಊದಿಕೊಳ್ಳದೆ ಹೋಗಿದ್ದರೆ ಈ ರಗಳೆ ಯಾವುದೂ ಆಗುತ್ತಿರಲಿಲ್ಲ.

ಅರಸೀಕೆರೆಯ ಕರಿಬಸವಯ್ಯನವರ ಕೊಬ್ಬರಿ ಮಂಡಿಯಲ್ಲಿ ಅವನದು ಕಾಯಿ ಅಲ್ಲಾಡಿಸುವ ಕೆಲಸ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಲೊಡಲೊಡ ಎಂದರೆ ಒಳಗೆ ಕೊಬ್ಬರಿಯಾಗಿದೆ, ಸುಲಿಯಬಹುದು. ಗುಳುಗುಳು ಎಂದರೆ ಇನ್ನೂ ನೀರಿದೆ, ಅಲ್ಲೇ ಇರಲಿ. ತಲೆಯ ಮೇಲೆ ಕಾದ ಶೀಟು, ಮೂಗಿನ ತುಂಬ ಧೂಳು. ಅಭ್ಯಾಸ ಎಷ್ಟು ಬಲಿತಿತ್ತೆಂದರೆ ಮನೆಯಲ್ಲಿ ಕಾಫಿ ಲೋಟವನ್ನೂ ಕಿವಿಯ ಹತ್ತಿರ ಅಲ್ಲಾಡಿಸಿಯೇ ಕುಡಿಯುತ್ತಿದ್ದ.

ಕೈ ಊದಿದ ಮೇಲೆ ಅವನಿಗೆ ಜ್ಞಾನೋದಯವಾಯಿತು. ಮೊಬೈಲಿನಲ್ಲಿ ಪಾಠ ನೋಡಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತ. ಕಾಯಿಯ ಸದ್ದನ್ನು ಮೈಕಿನಲ್ಲಿ ಕೇಳಿ ಕೊಬ್ಬರಿಯೋ ನೀರೋ ಎಂದು ಹೇಳುವ ಪ್ರೋಗ್ರಾಂ ಬರೆದ. ಉತ್ತರಗಳನ್ನು ತನ್ನ ದನಿಯಲ್ಲೇ ರೆಕಾರ್ಡ್ ಮಾಡಿದ: ‘ಆಗಿದೆ’, ‘ಆಗಿಲ್ಲ’, ಅನುಮಾನವಿದ್ದರೆ ‘ಇನ್ನೊಂದ್ಸಲ ಅಲ್ಲಾಡ್ಸಿ’. ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ಅದು ಸೊಗಸಾಗಿ ನಡೆಯಿತು.

ಕರಿಬಸವಯ್ಯನವರು ಕೇಳಿ ಮೀಸೆ ನೀವಿಕೊಂಡರು. “ಸಾಯಂಕಾಲದೊಳಗೆ ನಮ್ಮ ಮಂಡಿ ಕಂಪ್ಯೂಟರಲ್ಲೇ ಇದನ್ನ ನಡೆಸಿ ತೋರ್ಸಪ್ಪ. ಆಮೇಲೆ ನೀನು ಅಟ್ಟ ಹತ್ತೋದೇ ಬೇಡ. ಒಳಗೆ ಫ್ಯಾನ್ ಕೆಳಗೆ ಕುರ್ಚಿ ಹಾಕ್ಸಿಕೊಡ್ತೀನಿ.”

ಮಂಡಿಗೆಲ್ಲ ಇದ್ದದ್ದು ಒಂದೇ ಫ್ಯಾನು. ದೇವೇಂದ್ರನಿಗೆ ಆಗಲೇ ಗಾಳಿ ಬೀಸಿದಂತಾಯಿತು.

ಮಂಡಿಯ ಕಂಪ್ಯೂಟರ್ ಎಂದರೆ ಗುಮಾಸ್ತ ಸಂಪತ್ಕುಮಾರ್ ಅವರಿಗೆ ಪ್ರಾಣ. ಅದರಲ್ಲಿದ್ದದ್ದು ಎಲ್ಲರ ಹಾಗೆ ವಿಂಡೋಸ್ ಅಲ್ಲ, ಲಿನಕ್ಸ್. ತೂಕಕ್ಕೆ ಕಾಯುವವರ ಹೆಸರನ್ನು ಸ್ಪೀಕರಿನಲ್ಲಿ ತಾನೇ ಕೂಗುವ ಪ್ರೋಗ್ರಾಮನ್ನು ಯಾರಿಂದಲೋ ಹಾಕಿಸಿ, ಬಂದವರಿಗೆಲ್ಲ ಕೇಳಿಸಿ ಮೆರೆಯುತ್ತಿದ್ದರು. ಪರದೆಯ ಮೇಲೆ ಮೊಮ್ಮಗಳು ಶ್ರೀಜಾಳ ಫೋಟೊ. ದೇವೇಂದ್ರ ತನ್ನ ಪ್ರೋಗ್ರಾಂ ಹಾಕಿ ಬಟನ್ ಒತ್ತಿದ. ಪರದೆಯ ತುಂಬ ಕೆಂಪಕ್ಷರ ಸುರಿಯಿತು.

“ಏನಂತೆ ಅದು?” ಎಂದ ತಕ್ಕಡಿಯ ಜವರಣ್ಣ. ತೂಕ ಬಿಟ್ಟು ಎದ್ದು ಬಂದಿದ್ದ.

“ಸದ್ದಿನ ಕೆಲಸಕ್ಕೆ ಲೈಬ್ರರಿ ಅಂತ ಒಂದು ರೆಡಿ ಪ್ರೋಗ್ರಾಂ ಐತೆ ಕಣಣ್ಣ. ಅದಕ್ಕೂ ನನ್ನ ಪೈಥಾನಿಗೂ ನಡುವೆ ಒಂದು ಬೈಂಡಿಂಗು, ನಮ್ಮ ದಲ್ಲಾಳಿ ಇದ್ದಂಗೆ. ಈ ದಲ್ಲಾಳಿಗೆ ಹಳೇ ಲೈಬ್ರರಿ ಮಾತ್ರ ಪರಿಚಯ. ಇಲ್ಲಿರೋದು ಹೊಸದು.”

“ಹಂಗಾರೆ ಹಳೇದ್ನೇ ಕರ್ಕೊಂಡ್ಬಾ. ನಮ್ದೇನು ಹೋಗ್ತದೆ?”

ದೇವೇಂದ್ರನಿಗೂ ಹೌದೆನ್ನಿಸಿತು. ಹೊಸದರ ಜಾಗಕ್ಕೆ ಹಳೆಯ ಲೈಬ್ರರಿಯನ್ನು ತಂದು ಕೂರಿಸಿದ. ಕೂಗುವ ಪ್ರೋಗ್ರಾಮಿಗೆ ಹೊಸದೇ ಬೇಕು ಎಂಬುದು ಗೊತ್ತಾದದ್ದು ಸ್ಪೀಕರ್ ಬಾಯಿ ಬಿಟ್ಟಾಗ. “ಹಾ...ರ...ನ...ಹ...ಳ್ಳಿ... ಸ್ವಾ...ಮಿ...” ಎಂದು ಅದು ಬಾವಿಯೊಳಗೆ ಬಿದ್ದ ಕೋಣದ ಹಾಗೆ ನರಳಿತು.

ಹಾರನಹಳ್ಳಿಯಿಂದ ಟೆಂಪೊ ತಂದಿದ್ದ ಸ್ವಾಮಿ ಓಡಿ ಬಂದ. “ನನ್ನ ಹೆಸ್ರು ಹಂಗ್ಯಾಕೆ ಕೂಗ್ತೀರಿ? ನಾನೇ ಹೋಗ್ಬಿಟ್ಟಂಗೈತೆ.”

ಸಂಪತ್ಕುಮಾರ್ ಬೆವರಿದರು. “ದೇವೇಂದ್ರ, ಮೊದಲು ಅದನ್ನ ತೆಗೀರಿ.”

ದೇವೇಂದ್ರ ತೆಗೆಯಲು ಹೊರಟ. ಕಂಪ್ಯೂಟರ್ ಮಾರುದ್ದದ ಪಟ್ಟಿಯೊಂದನ್ನು ತೋರಿಸಿ, ಇದರ ಜೊತೆಗೆ ಇವೂ ಹೋಗುತ್ತವೆ, ಆಗಬಹುದೇ ಎಂದು ಕೇಳಿತು. ಅವನು ಒಂದೊಂದಾಗಿ ಓದುತ್ತಿರುವಾಗಲೇ ಸಂಪತ್ಕುಮಾರ್ ಬಗ್ಗಿ, “ಅಷ್ಟು ಮರ್ಯಾದೆಯಾಗಿ ಕೇಳ್ತಿದೆ, ಹೂಂ ಅನ್ರೀ” ಎಂದು ತಾವೇ ಒತ್ತಿಬಿಟ್ಟರು.

ಪರದೆ ಕಪ್ಪಾಯಿತು. ಕಿಟಕಿಗಳಿಲ್ಲ, ಚಿತ್ರಗಳಿಲ್ಲ, ಮೂಲೆಯಲ್ಲಿ ಒಂದು ಬಿಳಿ ಗೆರೆ ಮಾತ್ರ ಕಣ್ಣು ಮಿಟುಕಿಸುತ್ತಿತ್ತು.

“ನಮ್ಮ ಶ್ರೀಜಾ ಎಲ್ರೀ?” ಎಂದರು ಸಂಪತ್ಕುಮಾರ್, ಸಣ್ಣ ದನಿಯಲ್ಲಿ.

ಇದು ದೃಷ್ಟಿಯೇ ಎಂದು ಜವರಣ್ಣ ತೀರ್ಮಾನಿಸಿದ. ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ಚಿಪ್ಪಿನ ಕೆಂಡಕ್ಕೆ ಹಾಕಿದ. ಕಂಪ್ಯೂಟರಿಗೆ ಏನೂ ಆಗಲಿಲ್ಲ. ಮಂಡಿಯಲ್ಲಿದ್ದವರೆಲ್ಲ ಕೆಮ್ಮುತ್ತಾ ರಸ್ತೆಗೆ ಬಂದು ನಿಂತರು. ಹೆಸರು ಕೂಗುವವರಿಲ್ಲದೆ ಗಾಡಿಗಳ ಸಾಲು ಮೂಲೆ ಅಂಗಡಿ ದಾಟಿತ್ತು. ದೇವೇಂದ್ರನಿಗೆ ಅಳು ಬರುವಂತಾಯಿತು. ಫ್ಯಾನು ಹಾಳಾಗಲಿ, ಇದ್ದ ಅಟ್ಟವೂ ಕೈ ತಪ್ಪುವ ಹಾಗಿತ್ತು.

ಆಗ ಹೆಂಡತಿ ಮಂಜುಶ್ರೀಯ ಫೋನು.

“ಊಟಕ್ಕೆ ಬತ್ತೀರಾ ಇಲ್ವಾ? ನಿಮ್ಮಮ್ಮಂಗೆ ನನ್ನ ಸಾರು ಖಾರ, ನಂಗೆ ಅವರ ಸಾರು ಸಪ್ಪೆ. ಒಂದೇ ಒಲೇಲಿ ಆಗಲ್ಲ ಅಂತ ಇವತ್ತು ಹಿತ್ತಿಲಲ್ಲಿ ಬೇರೆ ಒಲೆ ಹೂಡಿದೀನಿ. ಅವರ ಪಾಡಿಗೆ ಅವರು, ನನ್ನ ಪಾಡಿಗೆ ನಾನು. ನೀವು ಯಾವ ಕಡೆ ಉಣ್ತೀರಿ ಹೇಳಿ.”

ಬೇರೆ ಒಲೆ ಎಂದೊಡನೆ ದೇವೇಂದ್ರ ಮಂಡಿಯ ಬಾಗಿಲ ಕಡೆ ತಿರುಗಿದ. “ಮಂಜು, ನೀನು ದೇವತೆ ಕಣೇ” ಎಂದು ಫೋನಿಟ್ಟ. ತಾನು ಕೇಳಿದ್ದಕ್ಕೆ ಇದು ಯಾವ ಕಡೆಯ ಉತ್ತರ ಎಂದು ಆಕೆ ಸಂಜೆಯವರೆಗೂ ಯೋಚಿಸಿದಳಂತೆ.

ಅವನು ಮೂಗಿಗೆ ಟವೆಲ್ ಕಟ್ಟಿಕೊಂಡು ಒಳಗೆ ನುಗ್ಗಿದ. ಮೊಬೈಲಿನ ಇಂಟರ್ನೆಟ್ ಕೊಟ್ಟು, ಹೋದದ್ದನ್ನೆಲ್ಲ ಕಪ್ಪು ಪರದೆಯಿಂದಲೇ ಒಂದೊಂದಾಗಿ ವಾಪಸ್ ಕರೆಸಿದ. ಹೊಸ ಲೈಬ್ರರಿಯನ್ನು ಅದರ ಜಾಗದಲ್ಲೇ ಬಿಟ್ಟ. ಹಳೆಯದನ್ನು ಬೇರೆ ಫೋಲ್ಡರಿನಲ್ಲಿಟ್ಟು, ತನ್ನ ದಲ್ಲಾಳಿ ಬೈಂಡಿಂಗಿಗೂ ಅಲ್ಲೇ ಸಂಸಾರ ಹೂಡಿಕೊಟ್ಟು, ಆಚೆ ಮನೆಗೆ ಕಾಲಿಡಬೇಡ ಎಂದು ತಾಕೀತು ಮಾಡಿದ. ಶ್ರೀಜಾ ನಗುತ್ತಾ ಪರದೆಗೆ ಮರಳಿದಳು. ಸ್ಪೀಕರು ಹಾರನಹಳ್ಳಿ ಸ್ವಾಮಿಯನ್ನು ಬದುಕಿರುವವರ ಹಾಗೆ ಕೂಗಿತು.

ಸಾಯಂಕಾಲ ಕರಿಬಸವಯ್ಯನವರು ಬಂದು ಕೂತರು. ದೇವೇಂದ್ರ ಮೈಕಿನ ಮುಂದೆ ಕಾಯಿ ಅಲ್ಲಾಡಿಸಿದ.

“ಇನ್ನೊಂದ್ಸಲ ಅಲ್ಲಾಡ್ಸಿ” ಎಂದಿತು ಕಂಪ್ಯೂಟರ್, ದೇವೇಂದ್ರನ ದನಿಯಲ್ಲೇ. ಮತ್ತೆ ಅಲ್ಲಾಡಿಸಿದ. ಮತ್ತೆ ಅದೇ ಮಾತು.

“ಫ್ಯಾನ್ ಸದ್ದು ಕಣ್ರೀ, ಮೈಕಿಗೆ ಬೀಳ್ತಾ ಐತೆ” ಎಂದು ಅವನು ಓಡಿಹೋಗಿ ಫ್ಯಾನ್ ಆರಿಸಿದ. ಈಗ ಯಂತ್ರ ‘ಆಗಿದೆ’ ಎಂದಿತು. ಜವರಣ್ಣ ಮಚ್ಚು ತಂದು ಒಡೆದ. ಒಳಗೆ ಉಂಡೆ ಕೊಬ್ಬರಿ. ಮತ್ತೊಂದಕ್ಕೆ ‘ಆಗಿಲ್ಲ’ ಎಂದಿತು, ಒಡೆದರೆ ನೀರು. ಮಂಡಿಯೆಲ್ಲ ಚಪ್ಪಾಳೆ ತಟ್ಟಿತು.

“ಭಲೇ ದೇವೇಂದ್ರ” ಎಂದರು ಕರಿಬಸವಯ್ಯನವರು. “ಜವರಣ್ಣ, ಫ್ಯಾನ್ ಕೆಳಗೆ ಕುರ್ಚಿ ಹಾಕು. ಕೊಟ್ಟ ಮಾತು ಮಾತೇ. ಇವನಿನ್ನು ಅಟ್ಟ ಹತ್ತಂಗಿಲ್ಲ.”

ದೇವೇಂದ್ರ ಮದುಮಗನ ಹಾಗೆ ಹೋಗಿ ಕೂತ. ಜನ್ಮ ಸಾರ್ಥಕವಾಯಿತೆನ್ನಿಸಿತು.

“ಅಟ್ಟದಲ್ಲಿರೋ ಕಾಯೆಲ್ಲ ಇಲ್ಲಿಗೇ ಇಳಿಸ್ರಪ್ಪ” ಎಂದರು ಯಜಮಾನರು.

“ಇಲ್ಲಿಗ್ಯಾಕೆ ಯಜಮಾನ್ರೇ?”

“ಮೆಷಿನ್ನಿಗೆ ಕಿವಿ ಐತೆ ಸರಿ, ಕೈ ಐತಾ? ಮೈಕಿನ ಮುಂದೆ ಅಲ್ಲಾಡ್ಸೋರು ಬೇಕಲ್ಲಪ್ಪ. ಅದರ ಹದ ನಿನಗೊಬ್ಬನಿಗೇ ಗೊತ್ತಿರೋದು.” ಎದ್ದು ಹೊರಟವರು ಬಾಗಿಲಲ್ಲಿ ನಿಂತು ಸೇರಿಸಿದರು: “ಮೆಷಿನ್ ಆನ್ ಇದ್ದಷ್ಟು ಹೊತ್ತು ಆ ಫ್ಯಾನ್ ಯಾರೂ ಹಾಕ್ಕೂಡದು.”

ಮೂಟೆಗಳು ಧಬಧಬ ಇಳಿದವು. ನಿಂತ ಫ್ಯಾನಿನ ಕೆಳಗೆ ಬೆವರಿಳಿಸುತ್ತಾ ದೇವೇಂದ್ರ ಊದಿದ ಕೈಯಿಂದ ಮೊದಲನೇ ಕಾಯಿ ಎತ್ತಿದ. ಅಟ್ಟದಲ್ಲಾಗಿದ್ದರೆ ಒಂದೇ ಸಲಕ್ಕೆ ತಿಳಿಯುತ್ತಿತ್ತು. ಈಗಲೂ ತಿಳಿಯಿತು: ಸ್ಪಷ್ಟವಾಗಿ ಲೊಡಲೊಡ.

ಹೊರಗೆ ಯಾರೋ ಕೆಮ್ಮಿದರು.

“ಇನ್ನೊಂದ್ಸಲ ಅಲ್ಲಾಡ್ಸಿ” ಎಂದಿತು ಅವನದೇ ದನಿ.